ಥಾಯ್ ಸಾರಿನ ರುಚಿ ಮತ್ತು ಗೌಟ್ ರೋಗಿಯ ಕೀಲು

ಗೌಟ್ ಎಂಬ ಕೀಲುರೋಗದ ಬೇರು ಕರಗುವಿಕೆಯ ಒಂದು ಸರಳ ನಿಯಮದಲ್ಲಿದೆ. ರಕ್ತದಲ್ಲಿ ಕರಗಿರುವ ಯೂರಿಕ್ ಆಮ್ಲವು ತನ್ನ ಮಿತಿಯನ್ನು ಮೀರಿ ಬಹುಕಾಲ ಉಳಿದರೆ, ಅದು ಸೋಡಿಯಂ ಯೂರೇಟ್ ಎಂಬ ಲವಣದ ಸೂಜಿಮೊನೆಯ ಹರಳುಗಳಾಗಿ ಕೀಲುಗಳೊಳಗೆ ಕಟ್ಟಿಕೊಳ್ಳತೊಡಗುತ್ತದೆ. ದೇಹದ ಸಾಮಾನ್ಯ ತಾಪವಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಮಿತಿ ಪ್ರತಿ 100 ಮಿಲಿಲೀಟರಿಗೆ ಸುಮಾರು 6.8 ಮಿಲಿಗ್ರಾಂ, ತಾಪ ಇಳಿದಂತೆ ಮಿತಿಯೂ ಇಳಿಯುವುದರಿಂದ, ದೇಹದ ನಡುಭಾಗಕ್ಕಿಂತ ತಣ್ಣಗಿರುವ ಕಾಲಿನ ಹೆಬ್ಬೆರಳಿನ ಬುಡದ ಕೀಲೇ ಬಹಳಷ್ಟು ರೋಗಿಗಳಲ್ಲಿ ಮೊದಲು ಊದಿಕೊಳ್ಳುತ್ತದೆ. ಹರಳುಗಳನ್ನು ನುಂಗಲು ಬಂದ ಬಿಳಿರಕ್ತಕಣಗಳು ಉರಿಯೂತದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ, ಕೀಲು ಕೆಂಪೇರಿ ಬಿಸಿಯಾಗುತ್ತದೆ, ಹೊದಿಕೆ ತಗುಲಿದರೂ ಸಹಿಸಲಾಗದಷ್ಟು ನೋಯುತ್ತದೆ. ಇಂಥ ದಾಳಿಗಳು ನಡುರಾತ್ರಿಯಿಂದ ಬೆಳಗಿನ ಎಂಟರೊಳಗೆ ಆರಂಭವಾಗುವ ಸಂಭವ ಹಗಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚೆಂಬುದು 2015ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಕಂಡುಬಂದಿದೆ.

ಯೂರಿಕ್ ಆಮ್ಲವು ಪ್ಯೂರಿನ್‌ಗಳ ಕೊನೆಯ ಅವಶೇಷ. ಪ್ಯೂರಿನ್ ಎಂದರೆ ಜೀವಕೋಶಗಳ ಡಿಎನ್‌ಎ, ಆರ್‌ಎನ್‌ಎ ಮತ್ತು ಕೋಶದೊಳಗೆ ಶಕ್ತಿಯನ್ನು ಹೊತ್ತೊಯ್ಯುವ ಎಟಿಪಿ, ಇವೆಲ್ಲದರ ರಚನೆಯಲ್ಲಿ ಸೇರಿರುವ ಸಾರಜನಕಯುಕ್ತ ವಸ್ತು. ಹೆಚ್ಚಿನ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವವು ಯೂರಿಕ್ ಆಮ್ಲವನ್ನು ಇನ್ನಷ್ಟು ಒಡೆದು, ನೀರಿನಲ್ಲಿ ಸುಲಭವಾಗಿ ಕರಗುವ ಅಲಾಂಟಾಯಿನ್ ಆಗಿ ಮಾರ್ಪಡಿಸುತ್ತದೆ. ಮನುಷ್ಯ ಮತ್ತು ಅವನ ಸಮೀಪದ ವಾನರಗಳ ಪೂರ್ವಜರು ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆಯೇ ಈ ಕಿಣ್ವವನ್ನು ಕಳೆದುಕೊಂಡರು. ಹೀಗಾಗಿ ಆಮ್ಲವನ್ನು ಹೊರಹಾಕುವ ಕೆಲಸದ ಸುಮಾರು ಮೂರನೆಯ ಎರಡು ಭಾಗ ಮೂತ್ರಪಿಂಡದ ಮೇಲೂ ಉಳಿದದ್ದು ಕರುಳಿನ ಮೇಲೂ ಬಿದ್ದಿದೆ. ಉತ್ಪಾದನೆಯಲ್ಲಿಯೂ ಸರಿಸುಮಾರು ಇದೇ ಪ್ರಮಾಣ: ಮೂರನೆಯ ಎರಡು ಭಾಗ ದೇಹದ ಸ್ವಂತ ಕೋಶಗಳಿಂದ ಬಂದರೆ, ಸುಮಾರು ಒಂದು ಭಾಗ ಮಾತ್ರ ಆಹಾರದಿಂದ ಬರುತ್ತದೆ. ಪಥ್ಯದಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ಈ ಲೆಕ್ಕದಲ್ಲಿಯೇ ಅಡಗಿದೆ.

ಥಾಯ್ಲೆಂಡಿನಲ್ಲಿ ಗೌಟ್ ಎಂದೊಡನೆ ಜನರ ಬಾಯಲ್ಲಿ ಬರುವ ಮೊದಲ ಮಾತು ಕೋಳಿಯದು. ಗೌಟ್ ಇರುವವರು ಕೋಳಿ ಮುಟ್ಟಬಾರದೆಂಬ ನಂಬಿಕೆ ಅಲ್ಲಿ ಎಷ್ಟು ಆಳವಾಗಿದೆಯೆಂದರೆ, ಕೋಳಿಯನ್ನು ಕಟ್ಟುನಿಟ್ಟಾಗಿ ಬಿಟ್ಟ ರೋಗಿಯು ಸಿಗಡಿ, ಹಂದಿಯ ಯಕೃತ್ತು ಮತ್ತು ಬಿಯರನ್ನು ನಿಶ್ಚಿಂತೆಯಿಂದ ಮುಂದುವರಿಸುವುದುಂಟು. ಆಹಾರಗಳ ಪ್ಯೂರಿನ್ ಅಂಶವನ್ನು ವಿವರವಾಗಿ ಅಳೆದಿರುವ ಜಪಾನಿನ ಕೋಷ್ಟಕಗಳು ಬೇರೆಯೇ ಚಿತ್ರ ಕೊಡುತ್ತವೆ. 100 ಗ್ರಾಂ ಕೋಳಿಮಾಂಸದಲ್ಲಿ ಪ್ಯೂರಿನ್ 120ರಿಂದ 150 ಮಿಲಿಗ್ರಾಂ ಆಸುಪಾಸಿನಲ್ಲಿದ್ದು, ಅದು ಹಂದಿ ಮತ್ತು ದನದ ಮಾಂಸಕ್ಕಿಂತ ತುಸು ಹೆಚ್ಚಷ್ಟೇ. ಸಿಗಡಿಯ ಕೆಲವು ಜಾತಿಗಳಲ್ಲಿ ಅದು 200ರ ಹತ್ತಿರ, ಹಂದಿಯ ಯಕೃತ್ತಿನಲ್ಲಿ 285ರಷ್ಟು, ಕೋಳಿಯ ಯಕೃತ್ತಿನಲ್ಲಿ 300ಕ್ಕೂ ಮೇಲೆ, ಒಣಗಿಸಿದ ಕಿರುಮೀನಿನಲ್ಲಿ 700ನ್ನೂ ಮೀರುತ್ತದೆ. ಮೊಟ್ಟೆ ಮತ್ತು ಹಾಲಿನಲ್ಲಿ ಪ್ಯೂರಿನ್ ಇಲ್ಲವೆನ್ನುವಷ್ಟು ಕಡಿಮೆ. ಜಪಾನಿನ ವೈದ್ಯರು ಗೌಟ್ ರೋಗಿಗಳಿಗೆ ಸೂಚಿಸುವ ದಿನದ ಮಿತಿ 400 ಮಿಲಿಗ್ರಾಂ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಅನ್ನದೊಡನೆ ಮಿತವಾಗಿ ತಿಂದ ಕೋಳಿಯ ತುಂಡುಗಳು ಮುಖ್ಯ ಅಪರಾಧಿಯಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈ ಕೋಷ್ಟಕಗಳಲ್ಲಿ ನೇರವಾಗಿ ಕಾಣದ, ಆದರೆ ಥಾಯ್ ಊಟದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಸಾರಿಗೆ ಸಂಬಂಧಿಸಿದ್ದು. ಮಾಂಸವನ್ನು ನೀರಿನಲ್ಲಿ ಕುದಿಸಿದಾಗ ಅದರ ಪ್ಯೂರಿನ್‌ನ ಗಣನೀಯ ಭಾಗ ನೀರಿಗೆ ಇಳಿಯುತ್ತದೆ. ಪ್ರಾಣಿ ಸತ್ತ ಬಳಿಕ ಅದರ ಸ್ನಾಯುವಿನಲ್ಲಿದ್ದ ಎಟಿಪಿ ಹಂತಹಂತವಾಗಿ ಒಡೆದು ಇನೊಸಿನೇಟ್ ಎಂಬ ವಸ್ತುವಾಗುತ್ತದೆ. ಮಾಂಸ ಮತ್ತು ಮೀನಿನ ಸಾರಿಗೆ ನಾಲಿಗೆಯಲ್ಲಿ ಉಳಿಯುವ ಗಾಢವಾದ ರುಚಿಯನ್ನು ಕೊಡುವವುಗಳಲ್ಲಿ ಅದೇ ಪ್ರಮುಖವೆಂಬುದನ್ನು ಜಪಾನಿನ ಶಿಂತಾರೊ ಕೊಡಾಮಾ 1913ರಲ್ಲಿಯೇ ಒಣಮೀನಿನಿಂದ ಬೇರ್ಪಡಿಸಿ ತೋರಿಸಿದ್ದರು. ಇನೊಸಿನೇಟ್ ಸ್ವತಃ ಒಂದು ಪ್ಯೂರಿನ್ ಸಂಯುಕ್ತ. ಎಂದರೆ, ಅಡುಗೆಯವರು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸಿ ಸಾರಿಗೆ ಇಳಿಸುವ ರುಚಿಯೂ ರೋಗಿಯ ಯಕೃತ್ತಿನಲ್ಲಿ ಯೂರಿಕ್ ಆಮ್ಲವಾಗಿ ಮಾರ್ಪಡುವ ವಸ್ತುವೂ ಒಂದೇ ಕುಟುಂಬಕ್ಕೆ ಸೇರಿವೆ. ತುಂಡುಗಳನ್ನು ಬಿಟ್ಟು, ಹಗುರವೆಂದು ಬರೀ ಸಾರನ್ನು ಹೀರುವ ರೋಗಿಯು ತಿಳಿಯದೆಯೇ ತಪ್ಪು ಭಾಗವನ್ನು ಆರಿಸಿಕೊಳ್ಳುತ್ತಾನೆ.

ಬ್ಯಾಂಕಾಕಿನ ವಿಜಯ ಸ್ಮಾರಕದ ಬಳಿ ಕಾಲುವೆಯ ದಂಡೆಗೆ ಸಾಲಾಗಿ ನಿಂತಿರುವ ಅಂಗಡಿಗಳಲ್ಲಿ ಸಿಗುವ ದೋಣಿ ನೂಡಲ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಹಿಂದೆ ಕಾಲುವೆಗಳಲ್ಲಿ ದೋಣಿಯ ಮೇಲೆಯೇ ಬೇಯಿಸಿ ಮಾರುತ್ತಿದ್ದ ಈ ತಿನಿಸು ಇಂದಿಗೂ ನಾಲ್ಕು ತುತ್ತಿನ ಪುಟ್ಟ ಬಟ್ಟಲುಗಳಲ್ಲಿಯೇ ಬರುತ್ತದೆ. ಅಕ್ಕಿಯ ಶಾವಿಗೆಯ ಮೇಲೆ ಹಂದಿ ಅಥವಾ ದನದ ಮಾಂಸದ ತೆಳು ಹೋಳುಗಳು, ಒಂದೆರಡು ಮಾಂಸದ ಉಂಡೆ, ಯಕೃತ್ತಿನ ಒಂದು ತುಂಡು, ಕಾಲುವೆ ಪಾಲಕ್ ಎಂದೂ ಕರೆಯಲಾಗುವ ನೀರುಬಳ್ಳಿಯ ಸೊಪ್ಪು. ಇವೆಲ್ಲವನ್ನೂ ಮುಳುಗಿಸುವ ಕಂದುಬಣ್ಣದ ಸಾರನ್ನು ಮೂಳೆ, ಚಕ್ಕೆ ಮತ್ತು ಚಕ್ರಮೊಗ್ಗು ಹಾಕಿ ದಿನವಿಡೀ ಕುದಿಸಿ, ಕೊನೆಯಲ್ಲಿ ಉಪ್ಪು ಬೆರೆಸಿದ ಹಂದಿಯ ರಕ್ತದಿಂದ ಮಂದಗೊಳಿಸಿರುತ್ತಾರೆ. ಬಟ್ಟಲು ಚಿಕ್ಕದೆಂಬ ಕಾರಣಕ್ಕೆ ಖಾಲಿ ಬಟ್ಟಲುಗಳನ್ನು ಒಂದರ ಮೇಲೊಂದು ಗೋಪುರದಂತೆ ಪೇರಿಸುವುದು ಅಲ್ಲಿನ ವಾಡಿಕೆ. ಒಂದು ಬಟ್ಟಲಿನಲ್ಲಿ ಯಕೃತ್ತನ್ನು ಬೇಡವೆಂದು ಹೇಳಿ, ಶಾವಿಗೆ, ಮಾಂಸ ಮತ್ತು ಸೊಪ್ಪನ್ನು ತಿಂದು ಸಾರನ್ನು ತಳದಲ್ಲಿಯೇ ಬಿಟ್ಟೇಳುವ ರೋಗಿಗೂ, ಆರು ಬಟ್ಟಲನ್ನು ಸಾರಿನ ಕೊನೆಯ ಹನಿಯವರೆಗೆ ಮುಗಿಸುವ ರೋಗಿಗೂ ದೇಹದ ಲೆಕ್ಕದಲ್ಲಿ ಬಹಳ ಅಂತರವಿದೆ. ರಸದೊಡನೆ ಬೇಡವಾದರೆ ಸಾರಿಲ್ಲದ ಒಣ ನೂಡಲ್ಸ್ ಕೇಳುವ ಪದ್ಧತಿ ಥಾಯ್ ಅಂಗಡಿಗಳಲ್ಲಿ ಹೊಸದೇನಲ್ಲ.

ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ 2024ರಲ್ಲಿ ಸೇರಿದ ತೊಮ್ ಯಮ್ ಕುಂಗ್ ಎಂಬ ಸಿಗಡಿ ಸಾರಿಗೂ ಇದೇ ಮಾತು ಅನ್ವಯಿಸುತ್ತದೆ. ಮಜ್ಜಿಗೆ ಹುಲ್ಲು, ದುಂಪರಾಸ್ಮೆ, ಕಾಡುನಿಂಬೆಯ ಎಲೆ, ಮೆಣಸಿನಕಾಯಿ ಮತ್ತು ನಿಂಬೆರಸ, ಈ ಸಾರಿನ ಪರಿಮಳವನ್ನು ಕಟ್ಟುವ ಯಾವುದರಿಂದಲೂ ರೋಗಿಗೆ ತೊಂದರೆಯಿಲ್ಲ. ತೊಂದರೆಯಿರುವುದು ಸಿಗಡಿಯಲ್ಲಿ ಮತ್ತು ಸಿಗಡಿಯ ತಲೆಗಳನ್ನು ಕುದಿಸಿ ತೆಗೆದ ರಸದಲ್ಲಿ. ಅದೇ ಮಸಾಲೆಯಲ್ಲಿ ಅಣಬೆ ಮತ್ತು ತೋಫು ಹಾಕಿ ನೀರಿನಲ್ಲಿ ಮಾಡಿದ ಸಾರು ಬಹುಪಾಲು ರೋಗಿಗಳಿಗೆ ಒಗ್ಗುತ್ತದೆ.

ಮೀನಿನ ರಸವಾದ ನಮ್ ಪ್ಲಾ, ಸಿಗಡಿಯನ್ನು ಉಪ್ಪಿನಲ್ಲಿ ಕೊಳೆಯಿಸಿ ಅರೆದ ಕಪೀ ಎಂಬ ಮುದ್ದೆ ಮತ್ತು ಒಣ ಸಿಗಡಿ, ಈ ಮೂರಿಲ್ಲದೆ ಥಾಯ್ ಅಡುಗೆಯನ್ನು ಊಹಿಸುವುದೇ ಕಷ್ಟ. ಆಂಚೊವಿ ಎಂಬ ಕಿರುಮೀನನ್ನು ಉಪ್ಪಿನೊಡನೆ ವರ್ಷಕ್ಕೂ ಮಿಕ್ಕಿ ತೊಟ್ಟಿಯಲ್ಲಿಟ್ಟು ತೆಗೆದ ನಮ್ ಪ್ಲಾದಲ್ಲಿ ಪ್ಯೂರಿನ್ ಇದ್ದೇ ಇದೆ, ಆದರೆ ಒಬ್ಬರ ಪಾಲಿಗೆ ಬರುವುದು ಚಮಚದ ಲೆಕ್ಕದಲ್ಲಿ. ಅದರಿಂದ ಹೆಚ್ಚು ಆತಂಕ ಪಡಬೇಕಾದದ್ದು ಉಪ್ಪಿನ ವಿಷಯದಲ್ಲಿ: ಗೌಟ್ ಇರುವವರಲ್ಲಿ ರಕ್ತದೊತ್ತಡವೂ ಇರುವುದು ಸಾಮಾನ್ಯ, ಮತ್ತು ಒತ್ತಡ ಇಳಿಸಲು ಕೊಡುವ ಥಯಾಜೈಡ್ ಜಾತಿಯ ಮೂತ್ರವರ್ಧಕ ಮಾತ್ರೆಗಳು ಯೂರಿಕ್ ಆಮ್ಲವನ್ನು ದೇಹದಲ್ಲಿಯೇ ಉಳಿಸುತ್ತವೆ. ಬಹಳ ಮಂದಿ ದೂಷಿಸುವ ಅಜಿನೊಮೊಟೊ ಇಲ್ಲಿ ನಿರಪರಾಧಿ. ಅದು ಗ್ಲುಟಾಮಿಕ್ ಆಮ್ಲದ ಲವಣವಾಗಿದ್ದು ಅದರಲ್ಲಿ ಪ್ಯೂರಿನ್ ಇಲ್ಲವೇ ಇಲ್ಲ. ದಿಢೀರ್ ನೂಡಲ್ಸ್‌ನ ಮಸಾಲೆ ಪೊಟ್ಟಣಗಳ ಮೇಲೆ ಇನೊಸಿನೇಟ್, ಗ್ವಾನಿಲೇಟ್ ಎಂದು ಮುದ್ರಿಸಿರುವವು ಮಾತ್ರ, ಅಲ್ಪ ಪ್ರಮಾಣದಲ್ಲಿಯಾದರೂ, ಪ್ಯೂರಿನ್ ಸಂಯುಕ್ತಗಳು.

ಪ್ಯೂರಿನ್ ಲವಲೇಶವೂ ಇಲ್ಲದೆ ಯೂರಿಕ್ ಆಮ್ಲವನ್ನು ಏರಿಸುವ ಪದಾರ್ಥವೊಂದು ಥಾಯ್ ಮೇಜಿನ ಮೇಲೆ ಸದಾ ಇರುತ್ತದೆ, ಅದು ಸಿಹಿ. ಸಕ್ಕರೆಯಲ್ಲಿಯೂ ತಾಳೆಬೆಲ್ಲದಲ್ಲಿಯೂ ಇರುವ ಸುಕ್ರೋಸ್ ಕರುಳಿನಲ್ಲಿ ಒಡೆದಾಗ ಅರ್ಧದಷ್ಟು ಫ್ರಕ್ಟೋಸ್ ಆಗುತ್ತದೆ. ಯಕೃತ್ತಿನ ಕೋಶಗಳು ಫ್ರಕ್ಟೋಸನ್ನು ಕೈಗೆತ್ತಿಕೊಳ್ಳುವಾಗ ಎಟಿಪಿಯನ್ನು ತಡೆಯಿಲ್ಲದೆ ಖರ್ಚು ಮಾಡುತ್ತವೆ, ಹಾಗೆ ಖರ್ಚಾದ ಎಟಿಪಿಯ ಅವಶೇಷ ಒಡೆಯುತ್ತಾ ಹೋಗಿ ಯೂರಿಕ್ ಆಮ್ಲದಲ್ಲಿ ಕೊನೆಗೊಳ್ಳುತ್ತದೆ. ದಿನಕ್ಕೆ ಎರಡು ಅಥವಾ ಹೆಚ್ಚು ಸಲ ಸಕ್ಕರೆಯ ತಂಪು ಪಾನೀಯ ಕುಡಿಯುವ ಪುರುಷರಲ್ಲಿ ಗೌಟ್ ಬರುವ ಸಂಭವ ಶೇಕಡಾ 85ರಷ್ಟು ಹೆಚ್ಚೆಂದು 2008ರಲ್ಲಿ ಪ್ರಕಟವಾದ ದೀರ್ಘಕಾಲದ ಅಮೆರಿಕನ್ ಅಧ್ಯಯನ ತಿಳಿಸಿತು. ಸಕ್ಕರೆ ಮತ್ತು ಸಿಹಿ ಮಂದಹಾಲು ಸುರಿದ ಚಾ ಯೆನ್ ಎಂಬ ಕಿತ್ತಳೆಬಣ್ಣದ ಐಸ್ ಚಹಾವನ್ನು ದಿನಕ್ಕೆರಡು ಲೋಟ ಕುಡಿಯುವವರು ಕೋಳಿಯನ್ನು ಬಿಟ್ಟು ಗಳಿಸಿದ್ದನ್ನು ಇಲ್ಲಿ ಕಳೆದುಕೊಳ್ಳುತ್ತಾರೆ. ಕಾಯಿ ಪಪ್ಪಾಯಿಯ ತುರಿಯನ್ನು ಒರಳಿನಲ್ಲಿ ಜಜ್ಜಿ ಮಾಡುವ ಸೊಮ್ ತಮ್‌ಗೂ ತಾಳೆಬೆಲ್ಲ ಬೀಳುತ್ತದೆ. ಅದು ಗಿರಾಕಿಯ ಕಣ್ಣೆದುರಿಗೇ ತಯಾರಾಗುವುದರಿಂದ ಸಿಹಿ ಕಡಿಮೆ ಮಾಡಿ, ಒಣ ಸಿಗಡಿ ಹಾಕದೆ ಕೊಡಿರೆಂದು ಕೇಳಿಕೊಳ್ಳುವುದು ಸುಲಭ.

ಬಿಯರ್ ಮೂರು ದಾರಿಯಿಂದ ಹಾನಿ ಮಾಡುತ್ತದೆ. ಅದರಲ್ಲಿ ಗ್ವಾನೊಸಿನ್ ಎಂಬ, ದೇಹ ಬೇಗ ಹೀರಿಕೊಳ್ಳುವ ಪ್ಯೂರಿನ್ ಇದೆ. ಮದ್ಯಸಾರವು ಯಕೃತ್ತಿನಲ್ಲಿ ಎಟಿಪಿಯ ಸವೆತವನ್ನು ಹೆಚ್ಚಿಸುತ್ತದೆ. ಮದ್ಯಸಾರದಿಂದ ಏರುವ ಲ್ಯಾಕ್ಟಿಕ್ ಆಮ್ಲವು ಮೂತ್ರಪಿಂಡವು ಯೂರೇಟನ್ನು ಹೊರಬಿಡದೆ ಮರಳಿ ಹೀರಿಕೊಳ್ಳುವಂತೆ ಪ್ರೇರೇಪಿಸುತ್ತದೆ. ಲಾವ್ ಖಾವ್ ಎಂಬ ಅಕ್ಕಿಯ ಸಾರಾಯಿಯಲ್ಲಿ ಮೊದಲನೆಯ ದಾರಿ ಇಲ್ಲ, ಉಳಿದೆರಡು ಇವೆ. ಈಶಾನ್ಯದ ಇಸಾನ್ ಪ್ರದೇಶದಲ್ಲಿ ಸಂಜೆಯ ಹೊತ್ತು ಯಕೃತ್ತು ಬೆರೆಸಿದ ಲಾಬ್ ಎಂಬ ಕೊಚ್ಚಿದ ಮಾಂಸದ ಪಲ್ಯ, ಐಸ್ ಹಾಕಿದ ಬಿಯರ್ ಮತ್ತು ಹಗಲಿಡೀ ಬಿಸಿಲಿನಲ್ಲಿ ದುಡಿದು ಬೆವರಿದ ದೇಹ, ಈ ಮೂರೂ ಸೇರಿದ ರಾತ್ರಿಯಲ್ಲಿ ಹೆಬ್ಬೆರಳು ಊದಿಕೊಂಡರೆ ಆಶ್ಚರ್ಯವಿಲ್ಲ. ಬೆವರಿನಲ್ಲಿ ನೀರು ಹೋದಷ್ಟೂ ರಕ್ತದಲ್ಲಿ ಯೂರಿಕ್ ಆಮ್ಲ ಸಾಂದ್ರವಾಗುತ್ತದೆ, ಮೂತ್ರ ಗಟ್ಟಿಯಾಗುತ್ತದೆ. ಮೂತ್ರಪಿಂಡದ ಕಲ್ಲುಗಳ ಬಾಧೆಗೂ ಈ ಪ್ರದೇಶ ಹೆಸರಾದದ್ದು. ಸಕ್ಕರೆ ಬೆರೆಸದ ನೀರನ್ನು ದಿನವಿಡೀ ಕುಡಿಯುತ್ತಿರುವುದು ಇಂಥ ಹವೆಯಲ್ಲಿ ಯಾವ ನಿಷೇಧಕ್ಕಿಂತಲೂ ಕಡಿಮೆ ಬೆಲೆಯ ಪಥ್ಯ.

ತರಕಾರಿಗಳ ವಿಷಯದಲ್ಲಿ ರೋಗಿಗಳನ್ನು ಅನಗತ್ಯವಾಗಿ ಹೆದರಿಸಲಾಗಿದೆ. ಚಾ ಓಮ್ ಎಂಬ ಸೀಗೆ ಜಾತಿಯ ಗಿಡದ ಎಳೆಚಿಗುರು, ಕರ್ನಾಟಕದಲ್ಲಿ ಸುಬಾಬುಲ್ ಎಂದು ದನಗಳಿಗೆ ಹಾಕುವ, ಥಾಯ್ಲೆಂಡಿನಲ್ಲಿ ಹಸಿಯಾಗಿಯೇ ತಿನ್ನುವ ಮರದ ಕುಡಿ, ಮಲೆನಾಡಿನವರಿಗೆ ಚಿರಪರಿಚಿತವಾದ ಕಳಲೆ, ಅಣಬೆ, ಇವೆಲ್ಲ ಅಲ್ಲಿನ ನಿಷೇಧದ ಪಟ್ಟಿಗಳಲ್ಲಿ ಇಂದಿಗೂ ಕಾಣಿಸುತ್ತವೆ. ಎಳೆಯ ಕುಡಿಗಳಲ್ಲಿ ಕೋಶಗಳು ಒತ್ತಾಗಿರುವುದರಿಂದ ಪ್ಯೂರಿನ್ ಹೆಚ್ಚಿರುವುದು ನಿಜ. ಆದರೆ 47,150 ಪುರುಷರನ್ನು 12 ವರ್ಷ ಗಮನಿಸಿ 2004ರಲ್ಲಿ ವರದಿ ಮಾಡಿದ ಅಮೆರಿಕದ ಅಧ್ಯಯನದಲ್ಲಿ, ಮಾಂಸ ಮತ್ತು ಕಡಲ ಆಹಾರವನ್ನು ಹೆಚ್ಚಾಗಿ ತಿಂದವರಲ್ಲಿ ಗೌಟ್ ಹೆಚ್ಚಿತ್ತು, ಪ್ಯೂರಿನ್ ಹೆಚ್ಚಿರುವ ತರಕಾರಿಗಳನ್ನು ತಿಂದವರಲ್ಲಿ ಹೆಚ್ಚಿರಲಿಲ್ಲ. ಹಾಲಿನ ಪದಾರ್ಥಗಳನ್ನು ಬಳಸಿದವರಲ್ಲಿ ಕಡಿಮೆಯೇ ಇತ್ತು. ಚಾ ಓಮ್ ಚಿಗುರು ಹಾಕಿದ ಆಮ್ಲೆಟ್, ತೋಫುವಿನ ಹುರಿದ ಪಲ್ಯ, ಬದನೆ ಹಾಕಿದ ಹಸಿರು ಮೇಲೋಗರದ ಜೊತೆ ಅನ್ನ, ನಿಂಬೆ ಹಿಂಡಿ ಹಬೆಯಲ್ಲಿ ಬೇಯಿಸಿದ ಮೀನಿನ ಒಂದು ಸಣ್ಣ ತುಂಡು, ಇವುಗಳಿಂದ ಥಾಯ್ ಊಟವು ಥಾಯ್ ಊಟವಾಗಿಯೇ ಉಳಿಯುತ್ತದೆ. ತೆಂಗಿನಹಾಲಿನಲ್ಲಿ ಪ್ಯೂರಿನ್ ಅಲ್ಪವಾದರೂ ಕೊಬ್ಬು ಹೇರಳವಾದ್ದರಿಂದ, ತೂಕ ಇಳಿಸಬೇಕಾದವರು ಮೇಲೋಗರದ ರಸವನ್ನು ಹಿಡಿತದಲ್ಲಿಟ್ಟುಕೊಳ್ಳಬೇಕು. ಹಾಲು ಪಾರಂಪರಿಕ ಥಾಯ್ ಅಡುಗೆಗೆ ಹೊರಗಿನದು. ಆದರೆ 1962ರಲ್ಲಿ ಸರಬುರಿ ಪ್ರಾಂತ್ಯದ ಮುವಾಕ್ ಲೆಕ್‌ನಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೈನು ಕ್ಷೇತ್ರ ಆರಂಭವಾದಂದಿನಿಂದ ಅಲ್ಲಿಯೂ ಹೈನುಗಾರಿಕೆ ಬೆಳೆದಿದ್ದು, ಇಂದು ಕೊಬ್ಬು ತೆಗೆದ, ಸಿಹಿಯಿಲ್ಲದ ಹಾಲು ರೋಗಿಯ ಕೈಗೆಟುಕುವಂತಿದೆ.

ಇಷ್ಟೆಲ್ಲ ಎಚ್ಚರದಿಂದ ನಡೆದರೂ ಪಥ್ಯವೊಂದರಿಂದಲೇ ಯೂರಿಕ್ ಆಮ್ಲ ಇಳಿಯುವುದು ಸಾಮಾನ್ಯವಾಗಿ ಪ್ರತಿ 100 ಮಿಲಿಲೀಟರಿಗೆ 1 ಮಿಲಿಗ್ರಾಂ ಆಸುಪಾಸು ಮಾತ್ರ. 9 ಇದ್ದವರು 8ಕ್ಕೆ ಬಂದರೆ ಹರಳು ಕಟ್ಟುವುದು ನಿಲ್ಲುವುದಿಲ್ಲ, ಏಕೆಂದರೆ ಹರಳು ಕರಗಬೇಕಾದರೆ ಮಟ್ಟವು 6ಕ್ಕಿಂತ ಕೆಳಗೆ ನಿಲ್ಲಬೇಕು. ರೋಗವು ತಮ್ಮ ನಾಲಿಗೆಯ ಚಪಲದಿಂದಲೇ ಬಂತೆಂದು ನಾಚಿಕೊಂಡು, ಔಷಧ ಬೇಡವೆಂದು ವರ್ಷಗಟ್ಟಲೆ ನೋವುಣ್ಣುವ ರೋಗಿಗಳಿಗೆ ಈ ಸಂಗತಿ ತಿಳಿಯಲೇಬೇಕು: ಜನರ ನಡುವಿನ ಯೂರಿಕ್ ಆಮ್ಲದ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಆಹಾರದ ಪಾಲಿಗಿಂತ ಬಹಳ ದೊಡ್ಡದೆಂಬುದು 2018ರ ವಿಶ್ಲೇಷಣೆಯೊಂದರಿಂದ ಗೊತ್ತಾಗಿದೆ. ಪಥ್ಯದ ನಿಜವಾದ ಉಪಯೋಗ ದಾಳಿಗಳನ್ನು ಕೆರಳಿಸದಿರುವುದರಲ್ಲಿದೆ. ಎರಡು ದಿನಗಳ ಅವಧಿಯಲ್ಲಿ ಅತಿ ಹೆಚ್ಚು ಪ್ಯೂರಿನ್ ತಿಂದಾಗ, ಅತಿ ಕಡಿಮೆ ತಿಂದಾಗಿನದಕ್ಕಿಂತ ದಾಳಿಯ ಸಂಭವ ಸುಮಾರು ಐದು ಪಟ್ಟು ಏರಿದ್ದನ್ನು 2012ರ ಅಧ್ಯಯನವೊಂದು ದಾಖಲಿಸಿದೆ. ಉಪವಾಸ ಮಾಡಿ ಒಮ್ಮೆಗೇ ತೂಕ ಇಳಿಸಲು ಹೊರಡುವುದೂ ದಾಳಿಯನ್ನು ಕೆರಳಿಸಬಲ್ಲದು.

ಮಟ್ಟವನ್ನು 6ರ ಕೆಳಗೆ ತರುವ ಔಷಧಗಳಲ್ಲಿ 1966ರಿಂದ ಬಳಕೆಯಲ್ಲಿರುವ ಅಲೊಪ್ಯೂರಿನಾಲ್ ಪ್ರಮುಖವಾದದ್ದು. ಅದು ಪ್ಯೂರಿನನ್ನು ಯೂರಿಕ್ ಆಮ್ಲವಾಗಿಸುವ ಜಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಥಾಯ್ ಜನರ ಮಟ್ಟಿಗೆ ಇಲ್ಲಿ ವಿಶೇಷ ಎಚ್ಚರಿಕೆಯೊಂದು ಬೇಕಾಗಿದೆ. ಈ ಔಷಧದಿಂದ ಚರ್ಮ ಸುಲಿದು ಪ್ರಾಣಕ್ಕೇ ಅಪಾಯ ತರುವ ತೀವ್ರ ಪ್ರತಿಕ್ರಿಯೆಗೆ ಒಳಗಾದ 27 ಥಾಯ್ ರೋಗಿಗಳನ್ನು ಪರೀಕ್ಷಿಸಿದಾಗ, ಅವರೆಲ್ಲರಲ್ಲಿಯೂ ಎಚ್‌ಎಲ್‌ಎ-ಬಿ 5801 ಎಂಬ ವಂಶವಾಹಿಯ ರೂಪಾಂತರವಿತ್ತು. ಔಷಧವನ್ನು ತಾಳಿಕೊಂಡ 54 ಮಂದಿಯಲ್ಲಿ ಅದು ಇದ್ದದ್ದು 7 ಜನರಲ್ಲಿ ಮಾತ್ರ. 2009ರಲ್ಲಿ ಪ್ರಕಟವಾದ ಈ ಫಲಿತಾಂಶದಂಥವುಗಳ ಆಧಾರದ ಮೇಲೆಯೇ, ಥಾಯ್, ಕೊರಿಯನ್ ಮತ್ತು ಹಾನ್ ಚೀನೀ ಮೂಲದವರಿಗೆ ಔಷಧ ಆರಂಭಿಸುವ ಮೊದಲು ಈ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದೆಂದು ಅಮೆರಿಕದ ಸಂಧಿರೋಗ ತಜ್ಞರ 2020ರ ಮಾರ್ಗಸೂಚಿ ಹೇಳುತ್ತದೆ. ರೂಪಾಂತರ ಇಲ್ಲದವರಿಗೆ ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ, ರಕ್ತದ ಮಟ್ಟ ನೋಡುತ್ತ ಏರಿಸುತ್ತಾರೆ. ಹಳೆಯ ಹರಳುಗಳು ಕರಗತೊಡಗಿದಾಗಲೂ ದಾಳಿಗಳು ಬರುವುದರಿಂದ ಮೊದಲ ಮೂರರಿಂದ ಆರು ತಿಂಗಳು ಕಾಲ್ಚಿಸಿನ್‌ನಂಥ ಉರಿಯೂತ ತಡೆಯುವ ಔಷಧವನ್ನು ಜೊತೆಗೆ ಕೊಡುವುದು ರೂಢಿ. ಈ ತಿಂಗಳುಗಳಲ್ಲಿ ಬಂದ ದಾಳಿಯನ್ನು ಔಷಧದ ಸೋಲೆಂದು ಬಗೆದು ಮಾತ್ರೆಯನ್ನು ಬಿಟ್ಟುಬಿಡುವ ರೋಗಿಗಳಲ್ಲಿ, ಕರಗಲು ಆರಂಭಿಸಿದ್ದ ಹರಳುಗಳು ಮತ್ತೆ ಬೆಳೆಯುತ್ತವೆ.