ಲಾಟರಿ ಯಂತ್ರ ಯಾರ ಓಣಿಗೆ?

ಅಮೆರಿಕದ ಪೆಟ್ರೋಲ್ ಪಂಪಿಗೋ ಸಣ್ಣ ದಿನಸಿ ಅಂಗಡಿಗೋ ಹೋದರೆ ಬಾಗಿಲ ಪಕ್ಕದಲ್ಲಿ ಕಪಾಟಿನಷ್ಟು ಎತ್ತರದ ಯಂತ್ರವೊಂದು ನಿಂತಿರುತ್ತದೆ. ಗಾಜಿನ ಹಿಂದೆ ಸಾಲಾಗಿ ಬಣ್ಣಬಣ್ಣದ ಲಾಟರಿ ಟಿಕೆಟುಗಳು. ನೋಟು ತೂರಿಸಿ ಗುಂಡಿ ಒತ್ತಿದರೆ ಟಿಕೆಟು ಕೆಳಗೆ ಬೀಳುತ್ತದೆ. ನಾಣ್ಯದಿಂದ ಕೆರೆದರಾಯಿತು, ಅದೃಷ್ಟ ಅಲ್ಲೇ ತೀರ್ಮಾನ. ಮಗಳ ಬಾಣಂತನಕ್ಕೆಂದೋ ಮಗನ ಮನೆ ನೋಡಲೆಂದೋ ಅಲ್ಲಿಗೆ ಹೋಗಿಬಂದ ಮುಂಬಯಿಯ ಹಿರಿಯರಲ್ಲಿ ಕೆಲವರಾದರೂ ಇದನ್ನು ಕಂಡಿದ್ದಾರೆ. ಆದರೆ ಅದೇ ಊರಿನ ಶ್ರೀಮಂತರ ಬಡಾವಣೆಯಲ್ಲಿ ಈ ಯಂತ್ರವನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ದಿನಗೂಲಿಯವರ ಓಣಿಯಲ್ಲಿ ಅದು ತಾನಾಗಿಯೇ ಎದುರಿಗೆ ಬರುತ್ತದೆ.

ಇದು ಬರೀ ಅನುಮಾನದ ಮಾತಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹೊವಾರ್ಡ್ ಸೆಂಟರ್ ಎಂಬ ಪತ್ರಿಕೋದ್ಯಮ ಕೇಂದ್ರ ಲಾಟರಿ ಮಾರುವ ಅಂಗಡಿಗಳ ವಿಳಾಸಗಳನ್ನು ಕಲೆಹಾಕಿ, ಅಲ್ಲಿನ ನಿವಾಸಿಗಳ ಆದಾಯದ ಜತೆ ಹೋಲಿಸಿ, 2022ರಲ್ಲಿ ವರದಿ ಪ್ರಕಟಿಸಿತು. ಲಾಟರಿ ಇರುವ ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಅಂಗಡಿಗಳು ಕಡಿಮೆ ಆದಾಯದವರ ಪ್ರದೇಶದಲ್ಲೇ ಹೆಚ್ಚು ಗುಂಪುಗೂಡಿವೆ ಎಂಬುದು ಅದರ ಸಾರ. 1964ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಿಂದ ಶುರುವಾದ ಆಧುನಿಕ ಸರಕಾರಿ ಲಾಟರಿ ಇಂದು ಅಲ್ಲಿನ 45 ರಾಜ್ಯಗಳಲ್ಲಿದೆ. ವರ್ಷದ ಮಾರಾಟ 10 ಸಾವಿರ ಕೋಟಿ ಡಾಲರು ದಾಟಿದೆ.

ಲಾಟರಿ ಇಲಾಖೆಗಳ ಬಳಿ ಇದಕ್ಕೆ ಉತ್ತರವೂ ಇದೆ, ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಯಂತ್ರ ಕೂರಬೇಕಾದರೆ ಅಂಗಡಿ ಬೇಕು. ಬರೀ ಬಂಗಲೆಗಳಿರುವ ಕಡೆ ನಗರ ಯೋಜನೆಯ ನಿಯಮವೇ ಅಂಗಡಿಗೆ ಅವಕಾಶ ಕೊಡುವುದಿಲ್ಲ. ಜನ ಟಿಕೆಟು ಕೊಳ್ಳುವುದು ಮನೆ ಹತ್ತಿರ ಮಾತ್ರವಲ್ಲ, ಕೆಲಸಕ್ಕೆ ಹೋಗಿಬರುವ ದಾರಿಯಲ್ಲೂ. ಮೇಲಾಗಿ ಪರವಾನಗಿಗೆ ಅರ್ಜಿ ಹಾಕುವವನು ಅಂಗಡಿಯವನೇ. ಅವನಿಗೆ ನೂರಕ್ಕೆ ಐದಾರು ಡಾಲರು ಕಮಿಷನ್. ಯಂತ್ರ ಇದ್ದರೆ ಟಿಕೆಟು ಕೊಡಲೆಂದು ಒಬ್ಬ ಆಳು ನಿಲ್ಲಬೇಕಾಗಿಲ್ಲ. ಈ ಲೆಕ್ಕವೆಲ್ಲ ಸರಿ. ಆದರೆ ಮಾರಾಟ ಚೆನ್ನಾಗಿರುವ ಕಡೆಗೇ ಯಂತ್ರವೂ ಜಾಹೀರಾತೂ ಹೋಗುವುದಾದರೆ ಹಂಚಿಕೆಯನ್ನು ಯಾರೂ ಕೂತು ತೀರ್ಮಾನಿಸಬೇಕೆಂದೇನಿಲ್ಲ, ಅದು ತಾನಾಗಿ ಇಳಿಜಾರಿಗೆ ಹರಿಯುತ್ತದೆ.

ಟೆಕ್ಸಾಸಿನ ಅಂಕಿಅಂಶಗಳನ್ನು ನೋಡಿ ಜೊನಾಥನ್ ಗುರ್ಯನ್ ಮತ್ತು ಮೆಲಿಸ್ಸಾ ಕಿಯರ್ನಿ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಬರೆದ ಪ್ರಬಂಧದಲ್ಲಿ ಕುತೂಹಲದ ಸಂಗತಿಯೊಂದಿದೆ. ದೊಡ್ಡ ಬಹುಮಾನದ ಟಿಕೆಟು ಮಾರಿದ ಅಂಗಡಿಯಲ್ಲಿ ಮರುವಾರವೇ ಆ ಆಟದ ಮಾರಾಟ ಶೇ. 12ರಿಂದ 38ರಷ್ಟು ಏರುತ್ತದೆ. ಬಡವರು, ಓದು ಅರ್ಧಕ್ಕೆ ಬಿಟ್ಟವರು ಹೆಚ್ಚಿರುವ ಕಡೆ ಈ ಏರಿಕೆ ಇನ್ನೂ ಜೋರು. ಸಿಡಿಲು ಅದೇ ಮರಕ್ಕೆ ಎರಡನೇ ಸಲ ಹೊಡೆಯುತ್ತದೆಂದು ಕಾದು ನಿಂತ ಹಾಗೆ. ಪವರ್‌ಬಾಲ್ ಎಂಬ ಪ್ರಸಿದ್ಧ ಲಾಟರಿಯ ಮೊದಲ ಬಹುಮಾನ ಬರುವ ಸಾಧ್ಯತೆ 29 ಕೋಟಿ 22 ಲಕ್ಷಕ್ಕೆ ಒಂದು. ಇದು ಅದೃಷ್ಟದ ಅಂಗಡಿಗೂ ಒಂದೇ, ದುರದೃಷ್ಟದ ಅಂಗಡಿಗೂ ಒಂದೇ.

ಅಲ್ಲಿನ ಬಡ ಓಣಿಗೆ ಸರಕಾರದ ಲಾಟರಿ ಬರುವ ಮುಂಚೆಯೇ ಅಂಕಿಯ ಜೂಜು ಇತ್ತು. 1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕರಿಯ ಜನಾಂಗದವರು ಮೂರು ಅಂಕಿಯ ಮೇಲೆ ಪುಡಿಕಾಸು ಕಟ್ಟುತ್ತಿದ್ದರು. ಗೆದ್ದ ಅಂಕಿ ಯಾವುದೆಂದು ತಿಳಿಯುತ್ತಿದ್ದದ್ದು ಬ್ಯಾಂಕುಗಳ ಕ್ಲಿಯರಿಂಗ್ ಹೌಸ್ ದಿನವೂ ಪ್ರಕಟಿಸುತ್ತಿದ್ದ ಮೊತ್ತದಿಂದ! ಚೆಕ್ಕು ಕ್ಲಿಯರಿಂಗಿನ ಲೆಕ್ಕಕ್ಕೆ ಇಂಥ ಉಪಯೋಗವೂ ಇದೆಯೆಂದು ಯಾವ ಬ್ಯಾಂಕ್ ನೌಕರ ಊಹಿಸಿಯಾನು? ನಮ್ಮ ಮುಂಬಯಿಯ ಮಟಕಾ ಕೂಡ ಮೊದಲು ನಡೆಯುತ್ತಿದ್ದದ್ದು ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದಿಂದ ಬರುತ್ತಿದ್ದ ದರಗಳ ಮೇಲೆ. ಆ ದರ ಬರುವುದು ನಿಂತ ಬಳಿಕ ಮಡಕೆಯಿಂದ ಚೀಟಿ ಎತ್ತುವ ಕ್ರಮ ಬಂತು, ಮಟಕಾ ಎಂಬ ಹೆಸರೂ ಅಂಟಿತು. ಅದು ಬೇರುಬಿಟ್ಟದ್ದು ಪರೇಲ್, ಲಾಲ್‌ಬಾಗ್ ಕಡೆಯ ಮಿಲ್ ಕಾರ್ಮಿಕರ ನಡುವೆ. ಪಗಾರದ ದಿನ ಮಿಲ್ ಗೇಟಿನಿಂದ ಚಾಳಿನ ತನಕದ ದಾರಿ ಎಷ್ಟು ಉದ್ದವಾಗುತ್ತಿತ್ತು ಎಂಬುದು ಆ ಕಾಲದ ಮನೆಯೊಡತಿಯರಿಗೆ ಚೆನ್ನಾಗಿ ಗೊತ್ತು. ನ್ಯೂಜೆರ್ಸಿ ರಾಜ್ಯ 1975ರಲ್ಲಿ ಅದೇ ಮೂರು ಅಂಕಿಯ ಆಟವನ್ನು ಸರಕಾರಿ ಲಾಟರಿಯನ್ನಾಗಿ ಮಾಡಿತು. ಗಿರಾಕಿಗಳು ಎಲ್ಲಿದ್ದಾರೆಂದು ಹೊಸದಾಗಿ ಹುಡುಕುವ ಕಷ್ಟವೇ ಇರಲಿಲ್ಲ.

ಬಡವನ ಪುಡಿಕಾಸನ್ನು ಹುಡುಕಿಕೊಂಡು ಅವನ ಬಾಗಿಲಿಗೇ ಹೋಗುವ ವಿದ್ಯೆ ದಕ್ಷಿಣ ಕನ್ನಡದವರಿಗೂ ಗೊತ್ತಿತ್ತು, ಆದರೆ ಉದ್ದೇಶ ಬೇರೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆ ಕೊಟ್ಟರೆ ಸಾಕಿತ್ತು. ಏಜೆಂಟ್ ಮನೆಗೆ, ಅಂಗಡಿಗೆ ಬಂದು ಪಡೆದು ಬರೆದುಕೊಂಡು ಹೋಗುತ್ತಿದ್ದ. ಪಿಗ್ಮಿ ಹಣದಿಂದ ಮಗಳ ಮದುವೆ ಮಾಡಿದವರು, ಸೂರಿಗೆ ಹಂಚು ಹೊದಿಸಿದವರು ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರಿನಲ್ಲಿ ಎಷ್ಟೋ ಮಂದಿ. ಲಾಟರಿ ಯಂತ್ರ ಕೇಳುವುದೂ ಅದೇ ದಿನದ ಎರಡಾಣೆಯನ್ನು. ವ್ಯತ್ಯಾಸ ಇಷ್ಟೇ, ಪಾಸ್‌ಬುಕ್ ಇಲ್ಲ. 1969ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ರಾಜ್ಯ ಲಾಟರಿ ಆರಂಭವಾಯಿತು, ಅದೇ ಜುಲೈಯಲ್ಲಿ ಸಿಂಡಿಕೇಟ್, ಕೆನರಾ ಸೇರಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಬ್ಯಾಂಕಿನ ಶಾಖೆಯನ್ನು ಬಡವರ ಊರಿಗೆ ಕಳುಹಿಸಲು ಸರಕಾರ ಕಡ್ಡಾಯ ಮಾಡಬೇಕಾಯಿತು. ಹೊಸ ಶಾಖೆಗಳಲ್ಲಿ ಕನಿಷ್ಠ ಶೇ. 25 ಬ್ಯಾಂಕಿಲ್ಲದ ಗ್ರಾಮೀಣ ಪ್ರದೇಶದಲ್ಲಿರಬೇಕೆಂದು ರಿಸರ್ವ್ ಬ್ಯಾಂಕ್ 2011ರಲ್ಲಿ ನಿಯಮ ಮಾಡಿತು. ಲಾಟರಿಗೆ ಅಂಥ ಯಾವ ಕಡ್ಡಾಯವೂ ಬೇಕಾಗಲಿಲ್ಲ.

ಹೀಗೆ ಸೇರಿದ ಹಣ ಎಲ್ಲಿಗೆ ಹೋಗುತ್ತದೆ? ವಿದ್ಯಾರ್ಥಿವೇತನ ಹಂಚುವ ನಮ್ಮ ಸಂಘ-ಸಂಸ್ಥೆಗಳವರು ಜಾರ್ಜಿಯಾ ರಾಜ್ಯದ ಉದಾಹರಣೆಯನ್ನು ನೋಡಬಹುದು. ಗವರ್ನರ್ ಝೆಲ್ ಮಿಲ್ಲರ್ ಕಾಲದಲ್ಲಿ, 1993ರಲ್ಲಿ, ಅಲ್ಲಿ ಲಾಟರಿ ಆರಂಭವಾಗಿ ಅದರ ಲಾಭದಿಂದ ಹೋಪ್ ಎಂಬ ವಿದ್ಯಾರ್ಥಿವೇತನ ಬಂತು. ಸಾವಿರಾರು ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದು ನಿಜ. ಆದರೆ ಅದನ್ನು ಕೊಡುವುದು ಅಂಕ ನೋಡಿ, ಮನೆಯ ಕಷ್ಟ ನೋಡಿ ಅಲ್ಲ. ಟ್ಯೂಶನ್ನು, ಒಳ್ಳೆಯ ಶಾಲೆ ಎಲ್ಲ ಇರುವ ಮನೆಯ ಮಕ್ಕಳಿಗೆ ಅಂಕ ಬರುವುದು ಸುಲಭ. ಟಿಕೆಟು ಕೊಂಡ ಓಣಿ ಒಂದು, ಶುಲ್ಕ ಉಳಿದ ಬಡಾವಣೆ ಇನ್ನೊಂದು ಎಂಬ ಟೀಕೆ ಅಂದಿನಿಂದಲೂ ಇದೆ. ದಾನಿಗಳ ಹಣವನ್ನು ಅಂಕಪಟ್ಟಿ ಮಾತ್ರ ನೋಡಿ ಹಂಚುವ ನಮ್ಮವರ ಸಮಾರಂಭಗಳ ಬಗ್ಗೆಯೂ ಯಾರಾದರೂ ಹೀಗೆ ಕೇಳಿಯಾರು.

ನಮ್ಮ ದೇಶದಲ್ಲಿ 1998ರ ಲಾಟರಿ ನಿಯಂತ್ರಣ ಕಾಯಿದೆಯ ಪ್ರಕಾರ ಲಾಟರಿ ನಡೆಸುವುದೋ ಬಿಡುವುದೋ ಆಯಾ ರಾಜ್ಯದ ಇಷ್ಟ. 2000ದ ದಶಕದ ಆರಂಭದಲ್ಲಿ ಆನ್‌ಲೈನ್ ಲಾಟರಿಯ ಕಂಪ್ಯೂಟರ್ ಅಂಗಡಿಗಳು ಬಂದಾಗ ಮುಂಬಯಿಯಲ್ಲಿ ಅವು ಬಾಗಿಲು ತೆರೆದದ್ದು ರೈಲು ನಿಲ್ದಾಣದ ಹೊರಗೆ, ಮಾರುಕಟ್ಟೆಯ ಗಲ್ಲಿಯಲ್ಲಿ. ತಮಿಳುನಾಡು 2003ರಲ್ಲಿ, ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿದವು. ಎಷ್ಟೋ ಮನೆಗಳು ಉಸಿರಾಡಿದವು. ಆದರೆ ಟಿಕೆಟು ಮಾರಿಯೇ ಹೊಟ್ಟೆ ಹೊರೆಯುತ್ತಿದ್ದ ಅಂಗವಿಕಲರು, ವಯಸ್ಸಾದವರು ಒಂದೇ ದಿನದಲ್ಲಿ ಬರಿಗೈಯಾದರು, ಅವರ ಮಾತು ಹೆಚ್ಚು ಕೇಳಿಬರಲಿಲ್ಲ. ಕೇರಳ ಮಾತ್ರ 1967ರಲ್ಲಿ ಆರಂಭಿಸಿದ ಕಾಗದದ ಟಿಕೆಟನ್ನೇ ಇಂದಿಗೂ ಉಳಿಸಿಕೊಂಡಿದೆ. ಅಲ್ಲಿ ಯಂತ್ರದ ಜಾಗದಲ್ಲಿ ಕೈಯಲ್ಲಿ ಟಿಕೆಟಿನ ಕಟ್ಟು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ತಿರುಗುವ ಮನುಷ್ಯನಿದ್ದಾನೆ. ಕೊಳ್ಳುವವನೂ ಬಡವ, ಮಾರುವವನೂ ಬಡವ.

ಕರ್ನಾಟಕದಲ್ಲಿ ನಿಷೇಧವಿದ್ದರೂ ಮಂಗಳೂರಿನಿಂದ ತಲಪಾಡಿ ಗಡಿ ದಾಟಿದರೆ, ಗುಂಡ್ಲುಪೇಟೆಯಿಂದ ಕಾಡು ಹಾದು ವಯನಾಡಿಗಿಳಿದರೆ ಕೇರಳ ಲಾಟರಿ ಸಿಗುತ್ತದೆ. 2024ರ ಓಣಂ ಬಂಪರ್‌ನ 25 ಕೋಟಿ ರೂ. ಟಿಕೆಟು ಮಾರಾಟವಾದದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ, ಗೆದ್ದದ್ದು ಕರ್ನಾಟಕದ ಒಬ್ಬ ಶ್ರಮಜೀವಿ. ಅದರಲ್ಲಿ ಏಜೆಂಟರ ಕಮಿಷನ್ ಶೇ. 10 ಕಳೆದರೆ 22.5 ಕೋಟಿ, ಅದರ ಮೇಲೆ ಶೇ. 30 ಆದಾಯ ತೆರಿಗೆ ಕಳೆದರೆ 15.75 ಕೋಟಿ, ಸರ್‌ಚಾರ್ಜ್ ಮತ್ತು ಸೆಸ್ ಬೇರೆ. ಗೆಲ್ಲದವರ ಟಿಕೆಟಿನ ಮೇಲೂ ತೆರಿಗೆ ಉಂಟು. ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ.