ಆನ್ ಆಗದ ಕಂಪ್ಯೂಟರ್: ಕಡಿದದ್ದು ಎಲ್ಲಿ?

‘ಕಂಪ್ಯೂಟರ್ ಆನೇ ಆಗ್ತಿಲ್ಲ, ಸ್ವಲ್ಪ ಬಂದು ನೋಡ್ತೀರಾ?’

ರಿಪೇರಿ ಅಂಗಡಿಗೆ ಇಂಥ ಫೋನು ಬಂದರೆ, ಪಳಗಿದ ಮೆಕ್ಯಾನಿಕ್ ಬೈಕು ಹತ್ತುವ ಮೊದಲೇ ಕೇಳುತ್ತಾರೆ: ‘ಫ್ಯಾನ್ ತಿರುಗ್ತಿದೆಯಾ ಸಾರ್? ಮಾನಿಟರಲ್ಲಿ ಏನಾದ್ರೂ ಬರ್ತಿದೆಯಾ?’ ಈ ಎರಡು ಪ್ರಶ್ನೆಗಳ ಉತ್ತರದಲ್ಲೇ ಅರ್ಧ ಪರೀಕ್ಷೆ ಮುಗಿದಿರುತ್ತದೆ. ಏಕೆಂದರೆ ಈ ಒಂದು ದೂರಿನ ಹಿಂದೆ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ. ಗುಂಡಿ ಒತ್ತಿದರೂ ಸದ್ದಿಲ್ಲ, ಬೆಳಕಿಲ್ಲ ಎಂಬುದು ಮೊದಲನೆಯದು. ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಇರುವುದು ಎರಡನೆಯದು. ಆನ್ ಆಗಿ ಕೆಲವೇ ಕ್ಷಣಗಳಲ್ಲಿ ಆಫ್ ಆಗುವುದು ಮೂರನೆಯದು. ಕಂಪನಿಯ ಲೋಗೊ ಬಂದರೂ ವಿಂಡೋಸ್ ತೆರೆಯದಿರುವುದು ನಾಲ್ಕನೆಯದು.

ಇವನ್ನು ಬೇರ್ಪಡಿಸಿ ನೋಡದೆ, ‘ಬೋರ್ಡ್ ಹೋಗಿದೆ, ಹೊಸದು ಹಾಕಿಸಿ’ ಎಂಬ ಮಾತಿಗೆ ಒಪ್ಪಿ ಸಾವಿರಾರು ರೂಪಾಯಿ ಕೊಡುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ತಾಲ್ಲೂಕು ಕೇಂದ್ರದ ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರು, ಸಣ್ಣ ಸಹಕಾರ ಸಂಘ ಎಲ್ಲ ಕಡೆಯೂ ಒಂದೇ ಒಂದು ಡೆಸ್ಕ್‌ಟಾಪ್ ಮೇಲೆ ದಿನದ ದುಡಿಮೆ ನಿಂತಿರುತ್ತದೆ. ಅಂಥವರಿಗೆ ಈ ನಷ್ಟ ಸಣ್ಣದಲ್ಲ. ನಾಲೆಯ ಕೊನೆಯ ಗದ್ದೆಗೆ ನೀರು ಬಾರದಿದ್ದಾಗ ರೈತ ತೂಬಿನಿಂದ ಶುರುಮಾಡಿ ಏರಿಯುದ್ದಕ್ಕೂ ನಡೆದು, ಎಲ್ಲಿ ಒಡೆದಿದೆ ಎಂದು ನೋಡುತ್ತಾನೆ. ಕಂಪ್ಯೂಟರಿನ ವಿಷಯದಲ್ಲೂ ಮಾಡಬೇಕಾದ್ದು ಅಷ್ಟೇ. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಯಾವುದಾದ ಮೇಲೆ ಯಾವುದು ಎಂಬ ಕ್ರಮ ತಿಳಿದಿದ್ದರೆ ಸಾಕು.

ಗುಂಡಿ ಒತ್ತಿದ ಮೇಲೆ

ಗೋಡೆಯ 230 ವೋಲ್ಟ್ ಕರೆಂಟು ಮೊದಲು ಹೋಗುವುದು ಎಸ್‌ಎಂಪಿಎಸ್ ಎಂಬ ಲೋಹದ ಡಬ್ಬಿಗೆ. ಇಂದಿನ ಹೆಚ್ಚಿನ ಡೆಸ್ಕ್‌ಟಾಪ್‌ಗಳು ಅನುಸರಿಸುವ ಎಟಿಎಕ್ಸ್ ಮಾದರಿಯನ್ನು ಇಂಟೆಲ್ 1995ರಲ್ಲಿ ರೂಪಿಸಿತು. ಅದರ ಪ್ರಕಾರ, ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ಗಿನಲ್ಲಿ ಕರೆಂಟು ಇರುವವರೆಗೂ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ನಾವು ಗುಂಡಿ ಒತ್ತಿದಾಗ ಬೋರ್ಡು ಒಂದು ಹಸಿರು ತಂತಿಯ ಮೂಲಕ ‘ಶುರು ಮಾಡು’ ಎಂದು ಸೂಚಿಸುತ್ತದೆ. ಆಗ 12, 5 ಮತ್ತು 3.3 ವೋಲ್ಟುಗಳು ಹರಿಯತೊಡಗುತ್ತವೆ. ಅವು ಸ್ಥಿರವಾದ ಮೇಲೆ, ಅಂದರೆ 100ರಿಂದ 500 ಮಿಲಿಸೆಕೆಂಡುಗಳಲ್ಲಿ, ‘ಎಲ್ಲ ಸರಿಯಿದೆ’ ಎಂಬ ಸಂಕೇತ ಇನ್ನೊಂದು ತಂತಿಯಲ್ಲಿ ಬರುತ್ತದೆ. ಅದು ಬರುವವರೆಗೂ ಪ್ರೊಸೆಸರ್ ಕದಲುವುದಿಲ್ಲ. ಬಂದ ಮೇಲೆ ಬಯೋಸ್ ಚಿಪ್ಪಿನಲ್ಲಿರುವ ಪ್ರೋಗ್ರಾಮ್ ಎದ್ದು ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್‌ಗಳನ್ನು ಪರೀಕ್ಷಿಸುತ್ತದೆ. ಕೊನೆಗೆ ಡಿಸ್ಕಿನಿಂದ ವಿಂಡೋಸ್ ಅಥವಾ ಲಿನಕ್ಸನ್ನು ಎಬ್ಬಿಸುತ್ತದೆ. ಮೇಲೆ ಹೇಳಿದ ನಾಲ್ಕು ಕಾಯಿಲೆಗಳೂ ಈ ಹಾದಿಯ ಬೇರೆ ಬೇರೆ ಕಡೆ ಹುಟ್ಟುತ್ತವೆ.

ಸದ್ದೇ ಇಲ್ಲದಿದ್ದರೆ

ಮೊದಲು ಪ್ಲಗ್ಗನ್ನೇ ಅನುಮಾನಿಸಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಯುಪಿಎಸ್ ಮತ್ತು ಎಕ್ಸ್‌ಟೆನ್ಷನ್ ಬಾಕ್ಸನ್ನು ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿ. ಬ್ಯಾಟರಿ ಸತ್ತ ಯುಪಿಎಸ್‌ನಿಂದಾಗಿ ಕಂಪ್ಯೂಟರನ್ನೇ ಬೈದ ಉದಾಹರಣೆಗಳು ಎಷ್ಟೋ ಇವೆ. ಪವರ್ ಕೇಬಲ್ ಬದಲಿಸಿ ನೋಡಿ. ಎಸ್‌ಎಂಪಿಎಸ್‌ನ ಹಿಂಬದಿಯ ಸಣ್ಣ ಸ್ವಿಚ್ಚು ‘0’ ಕಡೆ ವಾಲಿದೆಯೇ ಗಮನಿಸಿ. ಗುಡಿಸುವಾಗ ಕೈತಗುಲಿ ಅದು ಆಫ್ ಆಗಿರುವುದುಂಟು. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115–230 ಎಂದು ಬರೆದ ಕೆಂಪು ಸ್ವಿಚ್ಚೊಂದಿರುತ್ತದೆ. ಅದನ್ನು ಮಾತ್ರ ಮುಟ್ಟಬೇಡಿ. ನಮ್ಮ ಕರೆಂಟಿಗೆ ಅದು 115ಕ್ಕೆ ಜರುಗಿದರೆ ಎಸ್‌ಎಂಪಿಎಸ್ ಸಿಡಿಯುತ್ತದೆ.

ಕ್ಯಾಬಿನೆಟ್ ತೆರೆದರೆ ಹಲವು ಮದರ್‌ಬೋರ್ಡುಗಳಲ್ಲಿ ಪುಟ್ಟ ದೀಪವೊಂದು ಕಾಣುತ್ತದೆ. ಅದು ಉರಿಯುತ್ತಿದ್ದರೆ ಆ 5 ವೋಲ್ಟ್ ಬೋರ್ಡಿನವರೆಗೆ ಬಂದಿದೆ ಎಂದರ್ಥ. ಆಗ ಅನುಮಾನ ಗುಂಡಿಯ ಮೇಲೆ ಹೋಗಬೇಕು. ಪವರ್ ಗುಂಡಿ ಎರಡು ಪಿನ್ನುಗಳನ್ನು ಒಂದು ಕ್ಷಣ ಜೋಡಿಸುವ ಸ್ವಿಚ್ಚು, ಅಷ್ಟೇ. ಅದರ ತಂತಿ ಕಳಚಿ, ಆ ಎರಡೇ ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದಾಗ ಯಂತ್ರ ಎದ್ದರೆ ಕೆಟ್ಟಿರುವುದು ಕೆಲವೇ ರೂಪಾಯಿಯ ಗುಂಡಿ. ಆಗಲೂ ಏಳದಿದ್ದರೆ ಎಸ್‌ಎಂಪಿಎಸ್ ಪರೀಕ್ಷೆ. ಮೆಕ್ಯಾನಿಕ್‌ಗಳು ಅದನ್ನು ಬೋರ್ಡಿನಿಂದ ಬಿಡಿಸಿ, 24 ಪಿನ್ನಿನ ಕನೆಕ್ಟರಿನ ಹಸಿರು ತಂತಿಯನ್ನು ಪಕ್ಕದ ಕಪ್ಪು ತಂತಿಗೆ ಸೇರಿಸಿ ಓಡಿಸುತ್ತಾರೆ. ಫ್ಯಾನ್ ತಿರುಗಿದ ಮಾತ್ರಕ್ಕೆ ಅದು ಪಾಸಾದಂತಲ್ಲ. ಮಲ್ಟಿಮೀಟರಿನಲ್ಲಿ 12 ವೋಲ್ಟಿನ ತಂತಿ 11.4ರಿಂದ 12.6ರೊಳಗೆ ಇರಬೇಕು. ಪಕ್ಕಾ ಮಾಡಿಕೊಳ್ಳಲು ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಜೋಡಿಸಿ ನೋಡುವುದೇ ಸರಿ.

ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಲೇಬೇಡಿ. 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಬೆಚ್ಚಗಿನ ಜಾಗ ಹುಡುಕಿ ಒಳಹೊಕ್ಕ ಹಲ್ಲಿ ಅಲ್ಲೇ ಸುಟ್ಟುಕೊಂಡು ಫ್ಯೂಸ್ ಹಾರಿಸಿರುವುದನ್ನು ನಮ್ಮೂರುಗಳ ಮೆಕ್ಯಾನಿಕ್‌ಗಳು ಆಗಾಗ ಕಾಣುತ್ತಾರೆ. ಕ್ಯಾಬಿನೆಟ್ಟಿನ ಹಿಂದೆ ಖಾಲಿ ಬಿಟ್ಟ ಕಿಂಡಿಗಳನ್ನು ಮುಚ್ಚಿಸುವುದು ಅದಕ್ಕೇ.

ಫ್ಯಾನ್ ಇದೆ, ಪರದೆ ಇಲ್ಲ

ಜನ ಅತಿ ಹೆಚ್ಚು ಮೋಸಹೋಗುವುದು ಇಲ್ಲಿ. ಮಾನಿಟರಿನ ಸ್ವಿಚ್ಚು, ಕೇಬಲ್ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲ್ಲನ್ನು ಬೋರ್ಡಿನ ಕಿಂಡಿಗೆ ಚುಚ್ಚಿದ್ದರೆ ಚಿತ್ರ ಬಾರದೇ ಇರಬಹುದು. ಅದನ್ನು ಕಾರ್ಡಿಗೇ ಚುಚ್ಚಬೇಕು. ಅದೂ ಸರಿಯಿದ್ದರೆ ಕೈ ಮೊದಲು ಹೋಗಬೇಕಾದ್ದು ರ್‍ಯಾಮಿಗೆ.

ಪ್ಲಗ್ ಕೀಳಿ. ಮೈಯ ಸ್ಥಿರವಿದ್ಯುತ್ತು ಚಿಪ್ಪುಗಳಿಗೆ ಹಾಯದಂತೆ ಕ್ಯಾಬಿನೆಟ್ಟಿನ ಬರಿ ಲೋಹವನ್ನೊಮ್ಮೆ ಮುಟ್ಟಿ. ಸ್ಲಾಟಿನ ತುದಿಯ ಕ್ಲಿಪ್ ಒತ್ತಿದರೆ ರ್‍ಯಾಮ್ ಪಟ್ಟಿ ಟಕ್ಕೆಂದು ಮೇಲೆದ್ದುಬರುತ್ತದೆ. ಅದರ ಕೆಳಅಂಚಿನ ಚಿನ್ನದ ಲೇಪದ ಹಲ್ಲುಗಳನ್ನು ಬೆಳಕಿಗೆ ಹಿಡಿಯಿರಿ. ಕರಾವಳಿ, ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ಇದ್ದ ಪಟ್ಟಿಯಾದರೆ ಹಳದಿ ಮಂಕಾಗಿ, ಅಲ್ಲಲ್ಲಿ ಕಂದು ಛಾಯೆ ಕಾಣಿಸುತ್ತದೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಒಂದೇ ದಿಕ್ಕಿಗೆ ಉಜ್ಜಿದರೆ ರಬ್ಬರಿನ ಅಂಚು ಕಪ್ಪಾಗುತ್ತದೆ, ಹಲ್ಲುಗಳು ಮತ್ತೆ ಹೊಳೆಯುತ್ತವೆ. ಪುಡಿಯನ್ನು ಒಣ ಬ್ರಷ್ಷಿನಿಂದ ಒರೆಸಿ, ಎರಡೂ ತುದಿ ಕೂರುವ ಸದ್ದು ಕೇಳುವವರೆಗೆ ಒತ್ತಿ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ, ಸ್ಲಾಟ್ ಬದಲಿಸಿ ನೋಡಿ. ದುಡ್ಡಿಲ್ಲದೆ ಆಗುವ ಈ ಕೆಲಸದಿಂದ ಎದ್ದು ಕೂತ ಕಂಪ್ಯೂಟರುಗಳು ಲೆಕ್ಕವಿಲ್ಲದಷ್ಟು.

ಯಂತ್ರವೂ ತನ್ನ ನೋವನ್ನು ಹೇಳಿಕೊಳ್ಳುತ್ತದೆ. ಹಳೆಯ ಬೋರ್ಡುಗಳು ಬೀಪ್ ಸದ್ದಿನಲ್ಲಿ ಹೇಳುತ್ತಿದ್ದವು. ಬೀಪಿನ ಲೆಕ್ಕ ಬಯೋಸ್ ತಯಾರಕರಿಗೆ ತಕ್ಕಂತೆ ಬದಲಾಗುವುದರಿಂದ ಬೋರ್ಡಿನ ಕೈಪಿಡಿ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಈಚಿನ ಹಲವು ಬೋರ್ಡುಗಳಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಚುಕ್ಕಿದೀಪಗಳಿವೆ. ಯಾವುದು ಆರದೆ ಉಳಿಯುತ್ತದೋ ದೋಷ ಆ ಕಡೆಯದು. ಆದರೆ ಹೊಸ ಡಿಡಿಆರ್5 ರ್‍ಯಾಮ್ ಹಾಕಿದ್ದರೆ ಮೊದಲ ಸಲ ಬೋರ್ಡು ಅದಕ್ಕೆ ಹೊಂದಿಕೊಳ್ಳಲು ಕೆಲವು ನಿಮಿಷಗಳೇ ಹಿಡಿಯಬಹುದು. ಪರದೆ ಕಪ್ಪಗಿದೆಯೆಂದು ಆತುರಪಟ್ಟು ಆಫ್ ಮಾಡಬೇಡಿ.

ಆನ್ ಆಗಿ ಆಫ್ ಆದರೆ

ಪ್ರೊಸೆಸರಿನ ಮೇಲಿನ ಫ್ಯಾನಿಗೆ ದೂಳು ಮೆತ್ತಿದ್ದರೆ, ಹೀಟ್‌ಸಿಂಕ್ ಸಡಿಲವಾಗಿದ್ದರೆ, ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಬಿಸಿ ಏರಿ ಪ್ರೊಸೆಸರ್ ತನ್ನ ರಕ್ಷಣೆಗೆ ತಾನೇ ಆಫ್ ಮಾಡಿಸುತ್ತದೆ. ಶಕ್ತಿ ಕುಂದಿದ ಎಸ್‌ಎಂಪಿಎಸ್, ಎಲ್ಲೋ ಆಗಿರುವ ಶಾರ್ಟ್, ಉಬ್ಬಿದ ಕೆಪಾಸಿಟರುಗಳೂ ಕಾರಣವಾಗಬಹುದು. 2000ದ ದಶಕದ ಆರಂಭದಲ್ಲಿ ದೋಷಪೂರಿತ ದ್ರಾವಣ ತುಂಬಿದ ಕೆಪಾಸಿಟರುಗಳು ಮಾರುಕಟ್ಟೆಗೆ ಬಂದು, ಜಗತ್ತಿನಾದ್ಯಂತ ದೊಡ್ಡ ಕಂಪನಿಗಳ ಮದರ್‌ಬೋರ್ಡುಗಳೇ ಅಕಾಲದಲ್ಲಿ ಕೆಟ್ಟಿದ್ದವು. ಚಪ್ಪಟೆಯಾಗಿರಬೇಕಾದ ಅವುಗಳ ತಲೆ ಉಬ್ಬಿದ್ದರೆ, ಕಂದು ಬಣ್ಣದ ಕಲೆ ಕಂಡರೆ ಬರಿಗಣ್ಣಿಗೇ ಗುರುತು ಸಿಗುತ್ತದೆ.

ಲೋಗೊ ದಾಟದಿದ್ದರೆ

ಲೋಗೊ ಬಂದಿದೆ ಎಂದರೆ ಬೋರ್ಡು, ಪ್ರೊಸೆಸರ್, ರ್‍ಯಾಮ್ ಬಹುಮಟ್ಟಿಗೆ ಸರಿಯಿವೆ. ‘ಬೂಟ್ ಡಿವೈಸ್ ಇಲ್ಲ’ ಎಂಬ ಸಂದೇಶ ಬಂದರೆ ಮೊದಲು ಪೆನ್‌ಡ್ರೈವ್ ಏನಾದರೂ ಚುಚ್ಚಿದ್ದರೆ ತೆಗೆಯಿರಿ, ಡಿಸ್ಕಿನ ಕೇಬಲ್ ಬಿಗಿ ಮಾಡಿ. ಗಡಿಯಾರವೂ ಹಳೆಯ ದಿನಾಂಕಕ್ಕೆ ಜಾರಿದ್ದರೆ ಬೋರ್ಡಿನ ಮೇಲಿನ ಸಿಆರ್2032 ಬಿಲ್ಲೆ ಸೆಲ್ ಮುಗಿದಿದೆ. ಅದು 3 ವೋಲ್ಟಿನದು, ಬೆಲೆ ಕಡಿಮೆ. ಅದು ಸತ್ತಾಗ ಬಯೋಸಿನ ಹೊಂದಾಣಿಕೆಗಳು ಅಳಿಸಿಹೋಗಿ ವಿಂಡೋಸ್ ಸಿಗದಂತಾಗಬಹುದು.

ಯಂತ್ರದ ಯಾವ ಭಾಗವೂ ಕೆಡದೆ ಕಂಪ್ಯೂಟರ್ ಏಳದಿರುವುದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ಸಾಫ್ಟ್‌ವೇರಿನ ಒಂದು ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೊಸಾಫ್ಟ್ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ಸಿಕ್ಕಿಕೊಂಡವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಎಷ್ಟೋ ಕಡೆ ಪರಿಹಾರವಾಗಿದ್ದು ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸುವುದು.

ಯಂತ್ರಕ್ಕಿಂತ ದೊಡ್ಡದು

ಬೋರ್ಡು, ರ್‍ಯಾಮು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ಡಿಸ್ಕಿನಲ್ಲಿರುವ ಲೆಕ್ಕಪತ್ರ, ಮಕ್ಕಳ ಫೋಟೊ ಎಲ್ಲೂ ಸಿಗುವುದಿಲ್ಲ. ಆದ್ದರಿಂದ ‘ಫಾರ್ಮ್ಯಾಟ್ ಮಾಡಿಬಿಡ್ತೀನಿ’ ಎಂಬ ಮಾತಿಗೆ ಕೂಡಲೇ ಒಪ್ಪಬೇಡಿ. ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಲು ಹೇಳಿ. ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡದೆ ನಿಲ್ಲಿಸಿಬಿಡಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇರುವ ಯಂತ್ರದಲ್ಲಿ ಬೋರ್ಡು ಬದಲಿಸಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಇವತ್ತೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಮುಂಗಾರುಪೂರ್ವದ ಗುಡುಗು–ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗಿನ ಜೊತೆಗೆ ನೆಟ್‌ವರ್ಕ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಅಲ್ಲಿಂದಲೂ ಬರುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ನಿಮ್ಮ ಸಾಕೆಟ್ಟಿಗೆ ಅರ್ತಿಂಗ್ ಸಿಕ್ಕಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಇಷ್ಟಾದರೂ ಬೋರ್ಡೇ ಕೆಟ್ಟಿದೆ ಎಂದಾಗಬಹುದು. ಆಗ ಮೆಕ್ಯಾನಿಕ್ ಬಳಿ ಕೇಳಬೇಕಾದ ಪ್ರಶ್ನೆ ಒಂದೇ: ‘ಯಾವ್ಯಾವ ಭಾಗ ಬದಲಿಸಿ ನೋಡಿದ್ರಿ?’ ಎಸ್‌ಎಂಪಿಎಸ್, ರ್‍ಯಾಮ್ ಬದಲಿಸಿ ನೋಡಿದೆ, ಸೆಲ್ ಹಾಕಿ ನೋಡಿದೆ ಎಂದು ಕ್ರಮವಾಗಿ ಹೇಳಬಲ್ಲವರನ್ನು ನಂಬಿ. ಬೋರ್ಡು ಬದಲಿಸದೆ ರಬ್ಬರಿನಿಂದಲೇ ರಿಪೇರಿ ಮಾಡಿಕೊಟ್ಟವರಿಗೆ ‘ಇಷ್ಟಕ್ಕೆ ಇಷ್ಟೊಂದು ದುಡ್ಡಾ?’ ಎಂದು ಚೌಕಾಸಿ ಮಾಡಬೇಡಿ. ದೋಷ ಹುಡುಕುವ ಕೆಲಸಕ್ಕೆ ನಾವು ಕೂಲಿ ಕೊಡದೆ ಬಿಡಿಭಾಗಕ್ಕೆ ಮಾತ್ರ ದುಡ್ಡು ಬಿಚ್ಚುತ್ತಾ ಹೋದರೆ, ಹುಡುಕುವವರು ಕಡಿಮೆಯಾಗಿ ಬದಲಿಸುವವರೇ ಉಳಿಯುತ್ತಾರೆ.