ನಾಯಿಗಳ ರಕ್ಷಣೆ ಮತ್ತು ದತ್ತು ಸೇವೆ

ನಾಯಿಗಳ ರಕ್ಷಣೆ ಮತ್ತು ದತ್ತು ಸೇವೆ ಎಂದರೆ ಬೀದಿಯಲ್ಲಿ ಗಾಯಗೊಂಡ, ರೋಗಪೀಡಿತವಾದ ಅಥವಾ ಸಾಕಿದವರೇ ತೊರೆದುಹೋದ ನಾಯಿಗಳನ್ನು ಕಾಪಾಡಿ, ಚಿಕಿತ್ಸೆ ನೀಡಿ, ಹೊಸ ಮನೆಗೆ ಸೇರಿಸುವ ದತ್ತಿ ಕಾರ್ಯ. ಕರ್ನಾಟಕದಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಸಾರ್ವಜನಿಕ ಟ್ರಸ್ಟ್‌ಗಳು ಮತ್ತು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ನಡೆಸುತ್ತಾರೆ. ಹೆಸರಾಂತ ಸಂಸ್ಥೆಗಳು ಬೆಂಗಳೂರಿನಂಥ ನಗರಗಳಲ್ಲಿ ಬೆಳೆದಿವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರಿನಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಇದೇ ಸೇವೆ ಬೇರೆ ರೂಪವನ್ನು ತಾಳಬೇಕಾಗುತ್ತದೆ. ಗಾಯಗೊಂಡ ನಾಯಿಯನ್ನು ಎತ್ತಿ ತರುವ ಸಾಹಸವೇ ಜನರ ಕಣ್ಣಿಗೆ ಬೀಳುವುದಾದರೂ, ಗುಣವಾದ ಮೇಲೆ ಅದನ್ನು ಎಲ್ಲಿಡಬೇಕೆಂಬುದೇ ಈ ಸೇವೆಯ ನಿಜವಾದ ಕಠಿಣ ಪ್ರಶ್ನೆ.

ಹಿನ್ನೆಲೆ

ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯ್ದೆ ಭಾರತದಲ್ಲಿ 1960ರಲ್ಲಿ ಅಂಗೀಕಾರವಾಯಿತು. ಅದರನ್ವಯ 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅದರ ಮೊದಲ ಅಧ್ಯಕ್ಷೆ. ಆದರೂ ಬೀದಿ ನಾಯಿಗಳನ್ನು ಕೊಲ್ಲುವುದೇ ಬಹುಕಾಲ ಅನೇಕ ಪುರಸಭೆಗಳ ಪದ್ಧತಿಯಾಗಿತ್ತು. 2001ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಇದನ್ನು ಬದಲಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆಯನ್ನು ಪರ್ಯಾಯವಾಗಿ ಮುಂದಿಟ್ಟವು. 2023ರಲ್ಲಿ ಹೊಸ ನಿಯಮಗಳು ಇವುಗಳ ಸ್ಥಾನಕ್ಕೆ ಬಂದವು.

ಬೆಂಗಳೂರಿನ ‘ಕ್ಯುಪಾ’ ಸಂಸ್ಥೆಯನ್ನು ಬ್ರಿಟಿಷ್ ಮೂಲದ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಆರಂಭಿಸಿದರು. ಅವರು ಅದಕ್ಕೆ ಮೊದಲು ದೆಹಲಿ ಮತ್ತು ಜೈಪುರಗಳಲ್ಲಿಯೂ ಪ್ರಾಣಿ ಆಶ್ರಯಗಳನ್ನು ಕಟ್ಟಿದ್ದರು. ಬೆಂಗಳೂರಿಗೆ ಬಂದದ್ದು ಬದುಕಿನ ಕೊನೆಯ ಘಟ್ಟದಲ್ಲಿ. ನಂತರ ‘ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್’ ಮೊದಲಾದ ಸಂಸ್ಥೆಗಳು ಹುಟ್ಟಿಕೊಂಡವು. ಇವುಗಳ ಹಾದಿ ಸುಗಮವಾಗಿರಲಿಲ್ಲ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಬಲಿಯಾದಾಗ ಸಾರ್ವಜನಿಕ ಆಕ್ರೋಶ ಭುಗಿಲೆದ್ದು, ನಾಯಿಗಳ ಸಾಮೂಹಿಕ ಹತ್ಯೆಯೂ ನಡೆಯಿತು. ಮಕ್ಕಳನ್ನು ಕಳೆದುಕೊಂಡವರ ದುಃಖವನ್ನು ಕಡೆಗಣಿಸಿ ನಾಯಿಗಳ ಪರವಾಗಿ ಮಾತನಾಡುವುದು ಯಾವ ಸಂಸ್ಥೆಗೂ ಸಾಧ್ಯವಿಲ್ಲವೆಂಬುದನ್ನು ಆ ಘಟನೆಗಳು ತೋರಿಸಿದವು. ಮುಂದೆ ನಗರದಲ್ಲಿ ಶಸ್ತ್ರಚಿಕಿತ್ಸೆಯ ವ್ಯಾಪ್ತಿ ಹೆಚ್ಚಿತು. ಬಿಬಿಎಂಪಿ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿವೆಯೆಂದು ಅಂದಾಜಿಸಲಾಯಿತು. 2019ರಲ್ಲಿ ಈ ಸಂಖ್ಯೆ 3.10 ಲಕ್ಷವಾಗಿತ್ತು. ಇದೇ ಅವಧಿಯಲ್ಲಿ ಶಸ್ತ್ರಚಿಕಿತ್ಸೆಯಾದ ನಾಯಿಗಳ ಪ್ರಮಾಣ ಶೇ. 51ರಿಂದ ಶೇ. 72ರ ಸಮೀಪಕ್ಕೆ ಏರಿತ್ತು.

ಕಾನೂನಿನ ಸ್ಥಿತಿ

2023ರ ನಿಯಮಗಳ ಪ್ರಕಾರ ಬೀದಿ ನಾಯಿಗಳ ಜನನ ನಿಯಂತ್ರಣ ಸ್ಥಳೀಯ ಸಂಸ್ಥೆಯ ಹೊಣೆ. ನಾಯಿಗಳನ್ನು ಹಿಡಿದು ಶಸ್ತ್ರಚಿಕಿತ್ಸೆ ಮಾಡಿಸುವ ಸಂಸ್ಥೆಗೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರಬೇಕು. ಆದುದರಿಂದ ಉತ್ಸಾಹಿಗಳ ಗುಂಪೊಂದು ತಾನಾಗಿಯೇ ಊರಿನ ನಾಯಿಗಳನ್ನೆಲ್ಲ ಹಿಡಿಯಲು ಹೊರಡುವಂತಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ನಾಲ್ಕು ದಿನ ಆರೈಕೆ ಮಾಡಿ, ಗುರುತಿಗಾಗಿ ಕಿವಿಯ ತುದಿಯನ್ನು ಕತ್ತರಿಸಿ, ಹಿಡಿದ ಜಾಗದಲ್ಲಿಯೇ ಬಿಡಬೇಕೆಂಬುದು ನಿಯಮ.

2025ರ ಆಗಸ್ಟ್ 22ರ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು, ರೇಬಿಸ್ ತಗುಲಿದ ಅಥವಾ ಆಕ್ರಮಣಕಾರಿಯಾದ ನಾಯಿಗಳನ್ನುಳಿದು ಉಳಿದವನ್ನು ಮೂಲಸ್ಥಳಕ್ಕೆ ಮರಳಿಸುವ ಕ್ರಮವನ್ನು ಎತ್ತಿಹಿಡಿಯಿತು. ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ಬೀದಿ ನಾಯಿಗಳನ್ನು ದತ್ತು ಪಡೆಯಬಹುದು, ಆದರೆ ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಕರ್ತವ್ಯ ಎಂದೂ ಅದು ಹೇಳಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ ಮುಂತಾದ ಆವರಣಗಳಿಂದ ಹಿಡಿದ ನಾಯಿಗಳನ್ನು ಅದೇ ಜಾಗಕ್ಕೆ ಮರಳಿ ಬಿಡಬಾರದೆಂದು ಆದೇಶಿಸಿತು. ಇದರ ಪರಿಣಾಮವಾಗಿ ದತ್ತು ಎಂಬುದು ಕೇವಲ ಕರುಣೆಯ ವಿಷಯವಾಗಿ ಉಳಿಯಲಿಲ್ಲ. ಶಾಲೆಯ ಅಂಗಳದಲ್ಲಿ ವರ್ಷಗಟ್ಟಲೆ ಮಲಗುತ್ತಿದ್ದ ಸಾಧು ನಾಯಿಯೊಂದಕ್ಕೆ ಈಗ ಉಳಿದಿರುವುದು ಆಶ್ರಯತಾಣ ಇಲ್ಲವೇ ಮನೆ.

ಸ್ವಯಂಸೇವಕರ ಕೆಲಸ

ಹೊಸದಾಗಿ ಸೇರುವವರು ಮರಿಗಳನ್ನು ಆಡಿಸುವುದೇ ಕೆಲಸವೆಂದು ಭಾವಿಸಿ ಬರುವುದುಂಟು. ವಾಸ್ತವದಲ್ಲಿ ದಿನದ ಹೆಚ್ಚಿನ ಭಾಗ ಗೂಡುಗಳನ್ನು ತೊಳೆಯುವುದು, ಅನ್ನ ಬೇಯಿಸುವುದು, ಉಣ್ಣೆ ತೆಗೆಯುವುದು, ಕಜ್ಜಿಗೆ ಔಷಧಿ ಹಚ್ಚುವುದು ಮತ್ತು ಹುಳು ಬಿದ್ದ ಗಾಯವನ್ನು ಶುಚಿಗೊಳಿಸಲು ವೈದ್ಯರಿಗೆ ನೆರವಾಗುವುದರಲ್ಲಿ ಕಳೆಯುತ್ತದೆ. ವಾಹನ ಓಡಿಸುವವರು, ಲೆಕ್ಕ ಬರೆಯುವವರು, ಒಳ್ಳೆಯ ಭಾವಚಿತ್ರ ತೆಗೆಯುವವರು ಕೂಡ ಅಷ್ಟೇ ಅಗತ್ಯ. ಮಂಕಾದ ಚಿತ್ರವೊಂದರಿಂದ ನಾಯಿಗೆ ತಿಂಗಳುಗಟ್ಟಲೆ ಮನೆ ಸಿಗದೆ ಹೋಗಬಹುದು.

ಆಶ್ರಯತಾಣ ಎಷ್ಟೇ ದೊಡ್ಡದಾದರೂ ಬೇಗ ತುಂಬುತ್ತದೆ. ಗುಂಪಿನಲ್ಲಿ ರೋಗವೂ ಬೇಗ ಹರಡುತ್ತದೆ. ಆದ್ದರಿಂದ ‘ತಾತ್ಕಾಲಿಕ ಮನೆ’ ಎಂಬ ವ್ಯವಸ್ಥೆ ಬೆಳೆದಿದೆ. ಸ್ವಯಂಸೇವಕರೊಬ್ಬರು ಕೆಲವು ವಾರಗಳ ಕಾಲ ನಾಯಿಯನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡಿ, ಖಾಯಂ ಮನೆ ದೊರೆತಾಗ ಒಪ್ಪಿಸಿಕೊಡುತ್ತಾರೆ. ಇಲ್ಲಿ ಎಚ್ಚರ ಅಗತ್ಯ. ಪಾರ್ವೊ ಎಂಬ ವೈರಾಣುರೋಗ ಮರಿಗಳಲ್ಲಿ ವಾಂತಿ, ರಕ್ತಭೇದಿಗಳನ್ನುಂಟುಮಾಡಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ಅದರ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಥ ಮರಿಯಿದ್ದ ಮನೆಗೆ ಲಸಿಕೆಯಾಗದ ಇನ್ನೊಂದು ಮರಿಯನ್ನು ತರುವುದು ಅದನ್ನು ಸಾವಿನ ಬಾಯಿಗೆ ಕೊಟ್ಟಂತೆ.

ಕೆಲಸಕ್ಕೆ ಇಳಿಯುವ ಮೊದಲೇ ಸ್ವಯಂಸೇವಕರು ರೇಬಿಸ್‌ನ ಮುಂಜಾಗ್ರತಾ ಲಸಿಕೆ ಪಡೆಯಬೇಕು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಬಾರದು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್ ಬಹುತೇಕ ಯಾವಾಗಲೂ ಮಾರಕ. ಮನುಷ್ಯರಿಗೆ ತಗಲುವ ಪ್ರಕರಣಗಳಲ್ಲಿ ಶೇ. 99ರಷ್ಟು ನಾಯಿಗಳಿಂದಲೇ ಬರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ.

ದತ್ತು ನೀಡುವ ಕ್ರಮ

ದತ್ತು ಕೇಳಿ ಬಂದವರಿಗೆಲ್ಲ ನಾಯಿ ಕೊಡುವುದಿಲ್ಲ. ಅರ್ಜಿ, ಮಾತುಕತೆ, ಮನೆಭೇಟಿ, ಒಪ್ಪಂದಪತ್ರ ಎಂಬ ಹಂತಗಳಿರುತ್ತವೆ. ಮನೆಯವರೆಲ್ಲರ ಒಪ್ಪಿಗೆಯಿದೆಯೇ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರೆಯೇ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂದು ವಿಚಾರಿಸಲಾಗುತ್ತದೆ. ಇದನ್ನು ಕೆಲವರು ಅವಮಾನವೆಂದು ತಿಳಿಯುತ್ತಾರೆ. ಆದರೆ ಮದುವೆಯಾಗಿ, ವರ್ಗಾವಣೆಯಾಗಿ, ಮಗು ಹುಟ್ಟಿ ನಾಯಿಯನ್ನು ಹಿಂದಿರುಗಿಸಲು ಬರುವವರನ್ನು ಕಂಡ ಸಂಸ್ಥೆಗೆ ಈ ಪ್ರಶ್ನೆಗಳು ಅನಿವಾರ್ಯ.

ನಾಟಿ ಮರಿಗಳಿಗಿಂತ ಜಾತಿನಾಯಿಗೆ ಬೇಡಿಕೆ ಹೆಚ್ಚು. ಹೆಣ್ಣು ಮರಿಗಳು, ಬೆಳೆದ ನಾಯಿಗಳು, ಕಾಲು ಕಳೆದುಕೊಂಡವು ಕೊನೆಯವರೆಗೂ ಉಳಿದುಬಿಡುತ್ತವೆ. ವಿಪರ್ಯಾಸವೆಂದರೆ, ತೊರೆಯಲ್ಪಡುವ ನಾಯಿಗಳಲ್ಲಿ ದುಬಾರಿ ಬೆಲೆ ಕೊಟ್ಟು ತಂದ ಜಾತಿನಾಯಿಗಳೂ ಇರುತ್ತವೆ. ನಾಯಿಗಳ ತಳಿ ಸಂವರ್ಧನೆ ಮತ್ತು ಮಾರಾಟವನ್ನು ನಿಯಂತ್ರಿಸಲು 2017ರಲ್ಲಿ ನಿಯಮಗಳನ್ನು ರೂಪಿಸಲಾಯಿತು. ಅಕ್ರಮ ತಳಿ ಸಂವರ್ಧನೆಯ ವಿಷಯವನ್ನು ಕನ್ನಡದ ಸಾಮಾನ್ಯ ಪ್ರೇಕ್ಷಕರ ಮುಂದಿಟ್ಟದ್ದು ಕಿರಣ್‌ರಾಜ್ ಕೆ. ನಿರ್ದೇಶನದ ‘777 ಚಾರ್ಲಿ’ (2022) ಚಲನಚಿತ್ರ.

ಹೊಸ ಮನೆ ಸೇರಿದ ಮೊದಲ ವಾರ ಅತ್ಯಂತ ಸೂಕ್ಷ್ಮ. ಹೆದರಿದ ನಾಯಿ ಬಾಗಿಲು ತೆರೆದ ಕ್ಷಣ ಓಡಿಹೋಗುವ ಸಂಭವವಿದೆ. ಉಣ್ಣದೆ ಮೂಲೆಯಲ್ಲಿ ಕೂರುವುದೂ ಸಹಜ. ಈ ದಿನಗಳಲ್ಲಿ ಸ್ವಯಂಸೇವಕರು ದೂರವಾಣಿಯಲ್ಲಿ ನೀಡುವ ಧೈರ್ಯವೇ ಎಷ್ಟೋ ದತ್ತುಗಳನ್ನು ಉಳಿಸಿದೆ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು

ನಗರದ ಈ ಮಾದರಿಯನ್ನು ಬಯಲುಸೀಮೆಗೆ ಹಾಗೆಯೇ ತರಲಾಗದು. ಚಳ್ಳಕೆರೆಯಿಂದ ಬೆಂಗಳೂರಿನ ದತ್ತು ಕೇಂದ್ರಗಳು ಸುಮಾರು 200 ಕಿ.ಮೀ. ದೂರದಲ್ಲಿವೆ. ಇವೆರಡೂ ಕಡಿಮೆ ಮಳೆಯ, ಶೇಂಗಾ ಬೆಳೆಯ, ಕುರಿ ಸಾಕಣೆಯ ತಾಲ್ಲೂಕುಗಳು. ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕುರಿಹಟ್ಟಿಯ ನಾಯಿ ಮುದ್ದೆ, ಅಂಬಲಿ ಉಂಡು ತೋಳಗಳಿಂದ ಮಂದೆಯನ್ನು ಕಾಯುತ್ತದೆ. ಅದಕ್ಕೆ ಕೊರಳಪಟ್ಟಿಯಿಲ್ಲ, ಸರಪಣಿಯಿಲ್ಲ. ಆದರೆ ಅದು ಅನಾಥವೂ ಅಲ್ಲ. ಊರೊಳಗೂ ಹೀಗೆಯೇ: ಒಂದು ಕೇರಿಯ ನಾಲ್ಕಾರು ಮನೆಗಳ ಅನ್ನದಲ್ಲಿ ಬದುಕುವ ನಾಯಿಯನ್ನು ‘ಬೀದಿ ನಾಯಿ’ ಎಂದು ಕರೆಯುವುದು ಅರ್ಧಸತ್ಯ. ಕೊರತೆಯಿರುವುದು ಊಟದ್ದಲ್ಲ, ಲಸಿಕೆ ಮತ್ತು ಶಸ್ತ್ರಚಿಕಿತ್ಸೆಯ ಹೊಣೆ ಹೊರುವ ಒಬ್ಬ ಯಜಮಾನನದು.

ಆದ್ದರಿಂದ ಇಲ್ಲಿ ದತ್ತು ಎಂದರೆ ನಾಯಿಯನ್ನು ಬೇರೆಡೆಗೆ ಸಾಗಿಸುವುದಕ್ಕಿಂತ, ಅದಿರುವ ಜಾಗದಲ್ಲಿಯೇ ಅದಕ್ಕೊಬ್ಬ ಹೊಣೆಗಾರನನ್ನು ಗೊತ್ತುಪಡಿಸುವುದು ಹೆಚ್ಚು ಕಾರ್ಯಸಾಧ್ಯ. ತೋಟದ ಮನೆ, ಕಣ, ಹಟ್ಟಿಗಳಿಗೆ ಕಾವಲು ನಾಯಿ ಬೇಕೇ ಬೇಕು. ಶಸ್ತ್ರಚಿಕಿತ್ಸೆ ಮಾಡಿಸಿದರೆ ನಾಯಿ ಕಾವಲು ಕಾಯುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಹೆಣ್ಣು ನಾಯಿಯೊಂದಕ್ಕೆ ಶಸ್ತ್ರಚಿಕಿತ್ಸೆಯಾದರೆ, ಸಾಕಲಾರದೆ ಊರಾಚೆ ಬಿಟ್ಟುಬರುವ ಮರಿಗಳ ಸಂಖ್ಯೆಯೇ ಇಳಿಯುತ್ತದೆ. ನಿಯಮದ ಪ್ರಕಾರ ಈ ಹೊಣೆ ಚಳ್ಳಕೆರೆಯಲ್ಲಿ ನಗರಸಭೆಯದು, ಮೊಳಕಾಲ್ಮೂರಿನಲ್ಲಿ ಪಟ್ಟಣ ಪಂಚಾಯಿತಿಯದು, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯದು. ಬಳ್ಳಾರಿ–ಹಿರಿಯೂರು ನಡುವಿನ ರಾಷ್ಟ್ರೀಯ ಹೆದ್ದಾರಿ 150ಎ ಈ ಸೀಮೆಯನ್ನು ಹಾದುಹೋಗುವುದರಿಂದ ವಾಹನ ಬಡಿದು ಗಾಯಗೊಳ್ಳುವ ಅಪಾಯವೂ ಇದೆ. ಗಾಯಗೊಂಡ ನಾಯಿಗೆ ತಾಲ್ಲೂಕು ಪಶು ಆಸ್ಪತ್ರೆಯೇ ಮೊದಲ ಆಸರೆ.

ಉಪಯೋಗವನ್ನು ಎಣಿಸದೆ ಪ್ರಾಣಿಯನ್ನು ಸಾಕುವುದು ಈ ಸೀಮೆಗೆ ಹೊಸದಲ್ಲ. ಮ್ಯಾಸನಾಯಕರು ‘ದೇವರ ಎತ್ತು’ಗಳನ್ನು ಉಳುಮೆಗೆ ಹೂಡದೆ, ಮಾರದೆ ಕಾಪಾಡುತ್ತ ಬಂದಿದ್ದಾರೆ, ಅವನ್ನು ಕಾಯುವವನನ್ನು ಕಿಲಾರಿ ಎನ್ನುತ್ತಾರೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನವು ತಂದೆತಾಯಿಗಳ ಸೇವೆ ಮತ್ತು ಸತ್ಯದ ಜೊತೆಗೆ ಪ್ರಾಣಿಗಳ ಬಗೆಗಿನ ದಯೆಯನ್ನೂ ವಿಧಿಸುತ್ತದೆ.

ಬೀದಿ ನಾಯಿಗಳು ಸಾಮಾನ್ಯವಾಗಿ ಮಳೆಗಾಲದ ಕೊನೆಗೆ ಬೆದೆಗೆ ಬರುತ್ತವೆ. ಗರ್ಭಾವಧಿ ಸುಮಾರು 63 ದಿನ. ಶೇಂಗಾ ಕೊಯ್ಲು ಮುಗಿದು ಚಳಿ ಏರುವ ಹೊತ್ತಿಗೆ ಮರಿಗಳು ಕಾಣಿಸಿಕೊಳ್ಳುತ್ತವೆ. ಈ ಕಾರಣದಿಂದ ಶಸ್ತ್ರಚಿಕಿತ್ಸಾ ಶಿಬಿರಗಳನ್ನು ಬೇಸಿಗೆಯಲ್ಲಿ ನಡೆಸುವುದು ಸೂಕ್ತ. ತಾತ್ಕಾಲಿಕ ಮನೆಗಳ ಅಗತ್ಯ ಹೆಚ್ಚಾಗಿ ಬೀಳುವುದು ಕಾರ್ತಿಕದಿಂದ ಸಂಕ್ರಾಂತಿಯವರೆಗೆ.